ನನ್ನ ತಂಗಿಯ ಸರಳ ನಿಶ್ಚಿತಾರ್ಥ

ಸರಳತೆಯನ್ನು ಜಾರಿಗೆ ತರುವುದು ಬಹಳ ಸುಲಭ ಎಂದು ನಾನು ನಂಬಿದ್ದ ಕಾಲವೊಂದಿತ್ತು. ಆಗ ಶಿವಮೊಗ್ಗದ ದಿನಪತ್ರಿಕೆಯೊಂದರಲ್ಲಿ ನಾನು ವರದಿಗಾರ. ಮೊಬೈಲು ಇನ್ನೂ ನಮ್ಮಂಥವರ ಜೇಬಿಗೆ ಬಂದಿರಲಿಲ್ಲ.

ತಂಗಿ ಗೀತಾಳಿಗೆ ಕುಂಸಿ ಕಡೆಯ ಸಂಬಂಧ ಕೂಡಿಬಂದಿತ್ತು. ಹುಡುಗನನ್ನು ಅವಳು ಎಷ್ಟು ಮೆಚ್ಚಿದ್ದಳೆಂದರೆ, ಅವನ ಹೆಸರು ಬಂದರೆ ಸಾಕು, ಅಡುಗೆಮನೆಗೆ ಓಡುತ್ತಿದ್ದಳು. ಅಪ್ಪ ಇಲ್ಲದ್ದರಿಂದ ಹೊಣೆಯೆಲ್ಲ ನನ್ನದು. ಹುಡುಗನ ತಂದೆ ರಾಜಪ್ಪ ಮೇಷ್ಟ್ರದು ಒಂದೇ ಷರತ್ತು: ನಿಶ್ಚಿತಾರ್ಥ ಸರಳವಾಗಿರಬೇಕು, ಮನೆಯವರಷ್ಟೇ ಇರಬೇಕು. ದೊಡ್ಡ ಮಗನಿಗೆ ನೋಡಿದ್ದ ಮೊದಲ ಸಂಬಂಧದಲ್ಲಿ ಆಡಂಬರ ಕಂಡು, ತಾಂಬೂಲದ ತಟ್ಟೆ ಮುಟ್ಟದೆ ಎದ್ದುಬಂದವರು ಅವರು.

ಅಷ್ಟೇ ತಾನೆ, ಎಂದೆ.

ಆದರೆ ನೆಂಟರಿಗೆ ಬೇಸರವಾಗಬಾರದಲ್ಲ. ಸುದ್ದಿ ಮೂಲದಿಂದಲೇ ಹೋಗಬೇಕು ಎಂಬುದು ನನ್ನ ವೃತ್ತಿಧರ್ಮ. ಆದ್ದರಿಂದ ಪ್ರತಿ ಮನೆಗೂ ಖುದ್ದಾಗಿ ಹೋಗಿ, ಕರೆಯುತ್ತಿಲ್ಲ ಎಂಬುದನ್ನು ವಿನಯದಿಂದ ತಿಳಿಸಲು ತೀರ್ಮಾನಿಸಿದೆ. ಎಲ್ಲ ಮುಗಿದ ಮೇಲೆ ಹೇಳಿದರಾಗದೇ ಎಂದಳು ಹೆಂಡತಿ ಶಾರದಾ. ಅದು ಗೌರವವಲ್ಲ ಎಂದು ವಿವರಿಸಿ ಅವಳನ್ನೂ ಸ್ಕೂಟರ್ ಹತ್ತಿಸಿದೆ. ಬರಿಗೈಯಲ್ಲಿ ಹೋಗಬಾರದೆಂದು ಬಾಳೆಹಣ್ಣನ್ನೂ ಕೊಂಡೆ.

ಮೊದಲು ಭದ್ರಾವತಿಯ ಸೋದರತ್ತೆ. ಮಾವ ಕಾರ್ಖಾನೆಯ ಶಿಫ್ಟ್ ಮುಗಿಸಿ ಮಲಗಿದ್ದರು. ಅತ್ತೆ ಅವರನ್ನು ಎಬ್ಬಿಸಿ ಕೂರಿಸಿದರು. ನಾನು ವಿಷಯ ಮಂಡಿಸಿದೆ. ಭಾನುವಾರ ವಿನೋಬನಗರದ ನಮ್ಮ ಮನೆಯಲ್ಲಿ ಗೀತಾಳ ನಿಶ್ಚಿತಾರ್ಥ, ತೀರಾ ಸರಳ, ಆದ್ದರಿಂದ ತಾವು ತೊಂದರೆ ತೆಗೆದುಕೊಳ್ಳಬಾರದು.

"ತೊಂದರೆ ಎಂಥದ್ದೋ ಮಾರಾಯ?" ಎಂದರು ಅತ್ತೆ. "ಗಂಡ ಹೆಂಡತಿ ಇಬ್ರೂ ಬಾಗಿಲಿಗೆ ಬಂದು ಹೇಳಿದ್ದೀರಿ. ಇನ್ನೇನು ಬೇಕು?"

ಶಾರದಾಳ ಹಣೆಗೆ ಕುಂಕುಮ ಬಂತು. ಹಣ್ಣು ದೇವರ ಮುಂದೆ ಹೋಯಿತು. ಅತ್ತೆ ಅರ್ಥ ಮಾಡಿಕೊಂಡರೆಂದು ನನಗೆ ಸಮಾಧಾನ.

ಆಲ್ಕೊಳದ ಚಿಕ್ಕಪ್ಪ, ಸರಳ ಅಂದರೆ ಓಲಗ ಇಲ್ಲ ತಾನೆ, ಎಂದು ಖಚಿತಪಡಿಸಿಕೊಂಡರು. ಚಿಕ್ಕಮ್ಮನ ಪ್ರಕಾರ ಸರಳ ಅಂದರೆ ಊಟಕ್ಕೆ ಒಂದೇ ಸಿಹಿ. ಅವರ ಅಳಿಯ, ಸರಳ ಅಂದರೆ ಉಡುಗೊರೆ ತರಬೇಕಿಲ್ಲ ಎಂದು ತಿಳಿದು, ನನ್ನ ಆದರ್ಶವನ್ನು ಬಾಯ್ತುಂಬ ಹೊಗಳಿದ. ಆಗಲೂ ನನಗೆ ಅನುಮಾನ ಬರಲಿಲ್ಲ.

"ರೀ, ಇವರೆಲ್ಲ ಬರ್ತಾರೆ," ಎಂದಳು ಶಾರದಾ, ಹಿಂದಿನಿಂದ.

ನಾನು ಗೇರ್ ಬದಲಿಸಿದೆ.

ಭಾನುವಾರ ಮೇಷ್ಟ್ರ ಕಡೆಯವರು ಬಂದು ಜಮಖಾನದ ಮೇಲೆ ಕೂತರು. ತಟ್ಟೆ ಬದಲಾಗುವ ಮೊದಲೇ ಗೇಟು ಕಿರುಗುಟ್ಟಿತು. ಅತ್ತೆ, ಮಾವ, ಅವರ ಮಕ್ಕಳು, ಗೀತಾಳನ್ನು ಚಿಕ್ಕಂದಿನಿಂದ ನೋಡಿದ್ದ ಅವರ ಕ್ವಾರ್ಟರ್ಸಿನ ತಮಿಳು ದಂಪತಿ. ಅವರ ಹಿಂದೆ ಆಲ್ಕೊಳದ ಇಡೀ ಸಂಸಾರ. ಹಾಲ್ ತುಂಬಿ ಅಂಗಳ ತುಂಬಿತು, ಅಂಗಳ ತುಂಬಿ ಜನ ರಸ್ತೆಯಲ್ಲಿ ನಿಂತರು. ದಾರಿಹೋಕರು ಯಾರ ಮದುವೆ ಎಂದು ಕೇಳತೊಡಗಿದರು. ಒಳಗೆ ಇದ್ದದ್ದು ಒಂದು ಬಾಣಲೆ ಉಪ್ಪಿಟ್ಟು. ಶಾರದಾ ಕಾಫಿಗೆ ನೀರು ಬೆರೆಸುತ್ತ ನನ್ನತ್ತ ನೋಡಿದಳು. ಆ ನೋಟವನ್ನು ವರದಿ ಮಾಡಲಾರೆ.

ಮೇಷ್ಟ್ರು ಎದ್ದು ನಿಂತರು. ಗೀತಾಳ ಮುಖ ಬಿಳಿಚಿಕೊಂಡಿತು. ಸಂಬಂಧ ಮುರಿದೇ ಹೋಯಿತೆಂದು ನಾನು ಗಾಬರಿಯಾಗಿ ಸತ್ಯವನ್ನೇ ಹೇಳಿಬಿಟ್ಟೆ: ಇವರನ್ನು ನಾನು ಕರೆದಿಲ್ಲ, ಬರಬೇಡಿ ಎಂದು ಹೇಳಲು ಮನೆಮನೆಗೆ ಹೋಗಿದ್ದೆ.

ಅತ್ತೆ ಕಾಫಿ ಲೋಟ ಕೆಳಗಿಟ್ಟರು.

"ಹೌದಾ?" ಎಂದರು ಅತ್ತೆ. "ಬರಬೇಡಿ ಅನ್ನೋಕೆ ಬಾಳೆಹಣ್ಣು ತಂದಿದ್ಯೇನೋ?"

ಮೊದಲು ನಕ್ಕವರು ಮೇಷ್ಟ್ರ ಹೆಂಡತಿ. ಆಮೇಲೆ ಮೇಷ್ಟ್ರ ಮೀಸೆ ಅಲುಗಿತು. ಅವರು ಕೂತು ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಹುಡುಗಿ ನಮಗೆ ಒಪ್ಪಿಗೆ," ಎಂದರು. "ಮದುವೆ ಸರಳವಾಗಿ ಆಗಬೇಕಾದ್ರೆ ಒಂದೇ ದಾರಿ. ಲಗ್ನಪತ್ರಿಕೆ ಎಲ್ಲರಿಗೂ ಅಂಚೆಯಲ್ಲಿ ಹಾಕಿಬಿಡಿ. ಒಬ್ಬರೂ ಬರಲ್ಲ."

ಗೀತಾ ಅಡುಗೆಮನೆಗೆ ಓಡಿದಳು. ಅಲ್ಲಿಂದ ಹೊರಬಂದ ಶಾರದಾ ನನ್ನ ಕೈಗೆ ಎರಡು ದೊಡ್ಡ ಪಾತ್ರೆ ಕೊಟ್ಟು, ಹೋಟೆಲಿನಿಂದ ಇಡ್ಲಿ ತರಲು ಹೇಳಿದಳು. ದಾರಿಯಲ್ಲಿ ಸಿಕ್ಕವರಿಗೆ ಏನನ್ನೂ ವಿವರಿಸಕೂಡದು ಎಂದೂ ಎಚ್ಚರಿಸಿದಳು.

ಹೋಟೆಲಿನವರು ಪಾತ್ರೆಗಳ ಗಾತ್ರ ನೋಡಿ, "ಏನ್ ಸಾರ್, ಮನೇಲಿ ಫಂಕ್ಷನ್ನಾ?" ಎಂದರು.

"ಇಲ್ಲ," ಎಂದೆ. "ಇಡ್ಲಿ ಎಲ್ಲ ನನಗೇ."