ಗಿರಿಜೆಯ ಗಲ್ಲದ ಮಸಿ

ನಮ್ಮ ಕಡೆ ಹೆಣ್ಣು ಕೊಡುವ ಮುಂಚೆ ತೋಟದಲ್ಲಿ ತೆಂಗಿನ ಮರ ಎಷ್ಟಿವೆ, ಫಲಕ್ಕೆ ಬಂದವೆಷ್ಟು, ಬೇಸಿಗೆಯಲ್ಲಿ ಬಾವಿ ಬತ್ತುತ್ತದೆಯೇ ಎಂದೆಲ್ಲ ವಿಚಾರಿಸುತ್ತಾರೆ. ಗೋಡೆಯ ಮೇಲೆ ಚಿತ್ರಗಳೆಷ್ಟಿವೆ ಎಂದು ವಿಚಾರಿಸಿದವರನ್ನು ನಾನು ಕಾಣೆ. ಚಿಕ್ಕನಾಯಕನಹಳ್ಳಿ ಕಡೆಯ ನಮ್ಮಪ್ಪನೂ ವಿಚಾರಿಸಲಿಲ್ಲ. ಮರ ಎಣಿಸಿ, ಬಾವಿ ಬಗ್ಗಿ ನೋಡಿ, ತೃಪ್ತಿಯಿಂದ ತಲೆಯಾಡಿಸಿ ಬಂದರು. ಹಾಗಾಗಿ ನಾನು ಮದುವೆಯಾಗಿ ತುರುವೇಕೆರೆ ತಾಲ್ಲೂಕಿನ ಈ ಹಳ್ಳಿಗೆ ಬಂದು, ಹೊಸಿಲ ಮೇಲಿನ ಸೇರು ಒದ್ದು ತಲೆಯೆತ್ತಿದಾಗ, ನಡುಮನೆಯ ಗೋಡೆಗಳ ತುಂಬ ದೇವಾನುದೇವತೆಗಳು ನಿಂತು ನನ್ನನ್ನೇ ನೋಡುತ್ತಿದ್ದುದನ್ನು ಕಂಡು ಬೆಚ್ಚಿಬಿದ್ದೆ. ಗಂಡನ ಮನೆಯಲ್ಲಿ ನಾಲ್ಕು ಜನರ ಕಣ್ಣಿಗೆ ಬೀಳದಂತೆ ಬದುಕುವುದೇ ಕಷ್ಟ, ಇಲ್ಲಿ ಕಣ್ಣು ಮುಚ್ಚದವರೇ ಅಷ್ಟು ಜನ ಇದ್ದರು.

ಇವನ್ನೆಲ್ಲ ಹಲಗೆಗಳ ಮೇಲೆ ಬರೆದು ಗೋಡೆಗೆ ತೂಗುಹಾಕಿದವರು ನಮ್ಮ ಮಾವನವರ ತಂದೆ ಮತ್ತು ಚಿಕ್ಕಪ್ಪ. ಅಣ್ಣನದು ಮುಖದಲ್ಲಿ ಎತ್ತಿದ ಕೈ, ತಮ್ಮನದು ಒಡವೆ ವಸ್ತ್ರದಲ್ಲಿ. ಕಾಲುದಾರಿಯ ತಗಾದೆಯಲ್ಲಿ ಇಬ್ಬರಿಗೂ ಮಾತು ನಿಂತುಹೋಗಿತ್ತಂತೆ. ಆದರೂ ಅಣ್ಣ ಬೆಳಿಗ್ಗೆ ಬಂದು ಮುಖ ಬರೆದು ಎದ್ದು ಹೋದರೆ, ತಮ್ಮ ಮಧ್ಯಾಹ್ನ ಬಂದು ಆ ಮುಖಕ್ಕೆ ತಕ್ಕ ಓಲೆ, ಸರ, ಸೀರೆ ತೊಡಿಸಿ ಹೋಗುತ್ತಿದ್ದರಂತೆ. ಹಾಗೆ ಮೂಡಿದ್ದರಲ್ಲೆಲ್ಲ ದೊಡ್ಡದು ಗಿರಿಜಾ ಕಲ್ಯಾಣದ ಚಿತ್ರ. ಹಿಮವಂತ ಧಾರೆ ಎರೆಯುತ್ತಿದ್ದಾನೆ, ಶಿವ ಮದುವೆಗಂಡಿನ ಹಾಗೆ ನಾಚಿಕೊಂಡಿದ್ದಾನೆ, ಗಿರಿಜೆ ತಲೆ ತಗ್ಗಿಸಿದ್ದಾಳೆ. ಚಿನ್ನದ ರೇಕು ಹಚ್ಚಿದ ಅವಳ ಒಡವೆಗಳು ಸಂಜೆ ದೀಪ ಹಚ್ಚಿದರೆ ಝಗ್ಗೆನ್ನುತ್ತವೆ. ಆ ಚಿತ್ರಕ್ಕೊಂದು ಗಾಜು ಹಾಕಿಸಲು ಮಾವ ಬೆಂಗಳೂರಿನಿಂದ ದೊಡ್ಡ ಗಾಜೊಂದನ್ನು ತರಿಸಿದ್ದರು. ಅದು ಬಸ್ಸಿನ ಟಾಪಿನ ಮೇಲೆ ಹೊರಟಾಗ ಒಂದಿತ್ತು, ಇಳಿದಾಗ ಹಲವಾಗಿತ್ತು. ಅಲ್ಲಿಂದಾಚೆ ಗಿರಿಜೆ ಗಾಜಿಲ್ಲದೆಯೇ ಇದ್ದಳು.

ಯಾರೋ ಪತ್ರಿಕೆಯಲ್ಲಿ ನಮ್ಮ ಮನೆಯ ಬಗ್ಗೆ ನಾಲ್ಕು ಸಾಲು ಬರೆದರು. ಊರಿನವರು ಉಮೇದಿನಿಂದ ರಸ್ತೆಯ ಮೂಲೆಯಲ್ಲಿ ಚಿತ್ರಶಾಲೆ ಎಂದು ಬೋರ್ಡು ನಿಲ್ಲಿಸಿದರು. ಎಂಬತ್ತರ ದಶಕದ ಮೊದಲ ವರ್ಷಗಳವು. ನಮ್ಮ ಕಡೆಗೆ ಟಿ.ವಿ. ಇನ್ನೂ ಬಂದಿರಲಿಲ್ಲವಾದ್ದರಿಂದ ಜನ ಏನನ್ನಾದರೂ ನೋಡಬೇಕೆಂದರೆ ಎದ್ದು ಹೋಗಿಯೇ ನೋಡಬೇಕಾಗಿತ್ತು. ಹೊರಟರೆ ಒಬ್ಬಿಬ್ಬರು ಹೊರಡುವುದು ನಮ್ಮ ಜಾಯಮಾನವಲ್ಲ, ಗುಂಪುಗುಂಪಾಗಿ ಬಂದರು. ಸ್ಕೂಲು ಮಕ್ಕಳು ಬಂದರು, ತಿಪಟೂರಿನ ಕಾಲೇಜು ಹುಡುಗರು ಬಂದರು, ಮಹಿಳಾ ಸಮಾಜಗಳು ಮೆಟಡೋರ್ ಮಾಡಿಕೊಂಡು ಬಂದವು. ಯಜಮಾನರು ತುರುವೇಕೆರೆಯ ಆಫೀಸಿಗೆ ಬೆಳಗಿನ ಬಸ್ಸು ಹಿಡಿದು ಪಾರಾಗುತ್ತಿದ್ದರು. ಮಾವನೂ ಹಿಂದೆ ಪಟ ಬರೆಯುತ್ತಿದ್ದವರೇ, ಯಾಕೋ ಬಿಟ್ಟಿದ್ದರು. ಸಂಕೋಚದ ಮನುಷ್ಯ, ನಾಲ್ಕು ಜನರೆದುರು ಬಾಯಿ ಬಿಡುತ್ತಿರಲಿಲ್ಲ. ಹೀಗಾಗಿ ಒಗ್ಗರಣೆ ಸೌಟು ಹಿಡಿದುಕೊಂಡೇ ಬಂದು ಚಿತ್ರ ವಿವರಿಸುವ ಕೆಲಸ ನನ್ನ ಪಾಲಿಗೆ ಬಂತು. ಬಂದವರು ಕೇಳುತ್ತಿದ್ದರೆಂದು ತಿಳಿಯಬೇಡಿ. ಗಂಡಸರ ಗುಂಪಾದರೆ ನಡುಮನೆಗೆ ಬಂದೊಡನೆ ಕತ್ತು ಮೇಲಕ್ಕೆತ್ತಿ, ಕೊಬ್ಬರಿಯಾಗಲೆಂದು ಕಾಯಿ ತುಂಬಿದ್ದ ಅಟ್ಟದ ಸಂದಿಯಲ್ಲಿ ನೋಡಿ, ಕಾಯಿ ಹಾಕಿ ಎಷ್ಟು ತಿಂಗಳಾಯ್ತು, ಕೊಬ್ಬರಿ ಆಗಿದೆಯೇ ಎಂದು ಕೇಳುತ್ತಿದ್ದರು. ಹೆಂಗಸರ ಗುಂಪಾದರೆ ನೇರ ಅಡುಗೆಮನೆಗೆ ಹೋಗಿ ಒಲೆ ನೋಡುತ್ತಿದ್ದರು. ನಾನು ನಡುಮನೆಯಲ್ಲಿ ನಿಂತು ಹಿಮವಂತನಿಗೆ ಗಿರಿಜೆ ಎಷ್ಟನೆಯ ಮಗಳು ಎಂದು ಗೋಡೆಗೆ ಹೇಳುತ್ತಿದ್ದೆ.

ಇಷ್ಟೇ ಆಗಿದ್ದರೆ ನಾನು ಈ ಕತೆ ಹೇಳುತ್ತಿರಲಿಲ್ಲ. ತೊಂದರೆ ಶುರುವಾದದ್ದು ಬಿಳಿಗೆರೆಯ ಪುಟ್ಟಗೌರಮ್ಮನವರಿಂದ. ಬಿಳಿಗೆರೆಯ ಹೆಂಗಸರಿಗೆ ಅವರೇ ಲೀಡರು. ಗಟ್ಟಿ ಹೆಂಗಸು, ಹಣೆಯ ತುಂಬ ವಿಭೂತಿ, ಮನಸ್ಸಿನ ತುಂಬ ಪ್ರೀತಿ. ಅವರ ತಂಡ ಮೊದಲ ಸಲ ಬಂದಾಗ ಯಾರೂ ಅಡುಗೆಮನೆಗೆ ಹೋಗಲಿಲ್ಲ. ಎಲ್ಲರೂ ಗಿರಿಜೆಯ ಮುಂದೆ ಸಾಲಾಗಿ ನಿಂತರು. ಕೊನೆಗೂ ಚಿತ್ರ ನೋಡುವವರು ಬಂದರಲ್ಲ ಎಂದು ನನಗೆ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಪುಟ್ಟಗೌರಮ್ಮ ಚೀಲದಿಂದ ಕಾಯಿ ತೆಗೆದು, ನಮ್ಮ ಹೊಸಿಲಿಗೇ ಹೊಡೆದು ಹೋಳು ಮಾಡಿ, ಕರ್ಪೂರ ಹಚ್ಚಿ, ಗಿರಿಜೆಯ ಮುಖಕ್ಕೆ ಬೆಳಗಿಯೇಬಿಟ್ಟರು. ಹಿಂದಿದ್ದವರೆಲ್ಲ ಒಬ್ಬೊಬ್ಬರಾಗಿ ಕುಂಕುಮ ಇಟ್ಟರು. ನಾನು ಓಡಿ ಹೋಗಿ, ಅಮ್ಮಾ ಇದು ಗುಡಿಯಲ್ಲ, ಚಿತ್ರಶಾಲೆ ಎಂದೆ.

ಅವರು ನನ್ನನ್ನು ಕರುಣೆಯಿಂದ ನೋಡಿದರು. "ತಾಯಿ ಕಣ್ಣು ಬುಟ್ಕಂಡು ನೋಡ್ತಾ ಅವ್ಳೆ. ಅವ್ಳ ಮುಂದೆ ಬರಿಗೈಲಿ ನಿಂತ್ಕಂಡು ಹಂಗೇ ಹೋಗಕ್ಕಾಯ್ತದಾ? ನೀನಿನ್ನೂ ಚಿಕ್ಕೋಳು ಬುಡು" ಎಂದರು.

ಬಿಳಿಗೆರೆಯವರು ಮಾಡಿದ್ದನ್ನು ಮುಂದೆ ಬಂದವರೆಲ್ಲ ಮಾಡಿದರು. ತೆಂಗಿನ ಸೀಮೆಯಲ್ಲಿ ಕಾಯಿಗೇನು ಬರ? ಬಂದವರು ಒಡೆದ ಹೋಳುಗಳಿಂದ ನಮ್ಮ ಮನೆಯಲ್ಲಿ ದಿನವೂ ಕಾಯಿಚಟ್ನಿ, ಕಾಯಿಹಾಲು, ಕೊಬ್ಬರಿ ಮಿಠಾಯಿ. ಮುತ್ತೈದೆಯರು ಬರಿಗೈಲಿ ಹೋಗಬಾರದೆಂದು ಅತ್ತೆ ನಮ್ಮ ಅಟ್ಟದ ಕಾಯಿ ಇಳಿಸಿ ಅರಿಸಿನ ಕುಂಕುಮದ ಜೊತೆ ಕೊಡುತ್ತಿದ್ದರು. ಬಿಳಿಗೆರೆಯ ಕಾಯಿ ನಮ್ಮ ಹೊಟ್ಟೆಗೆ, ನಮ್ಮ ಕಾಯಿ ಬಿಳಿಗೆರೆಗೆ. ಇದರಿಂದ ಯಾರಿಗೂ ನಷ್ಟವಿರಲಿಲ್ಲ, ಗಿರಿಜೆಯೊಬ್ಬಳನ್ನು ಬಿಟ್ಟು. ಅವಳ ಗಲ್ಲದ ಮೇಲೆ ಕರ್ಪೂರದ ಮಸಿ ಕೂತಿತು. ನಾನು ಕರ್ಪೂರ ಹಚ್ಚಬಾರದು ಎಂದು ಚೀಟಿ ಬರೆದು ಪಕ್ಕದಲ್ಲಿ ಅಂಟಿಸಿದೆ. ಮುಂದಿನ ಗುಂಪು ಆ ಚೀಟಿಗೂ ಕುಂಕುಮದ ಬೊಟ್ಟಿಟ್ಟು ಹೋಯಿತು.

ಅದೇ ದಿನಗಳಲ್ಲಿ ಮೈಸೂರಿನಿಂದ ಚಿತ್ರಗಳ ವಿಷಯ ಬಲ್ಲ ಒಬ್ಬ ಮೇಷ್ಟ್ರು ಬಂದರು. ಗಿರಿಜೆಯ ಗಲ್ಲ ನೋಡಿ ಅವರ ಮುಖವೂ ಕಪ್ಪಾಯಿತು. ಹೀಗೇ ಬಿಟ್ಟರೆ ಚಿತ್ರ ಉಳಿಯುವುದಿಲ್ಲ, ಎಲ್ಲವನ್ನೂ ಮೈಸೂರಿಗೆ ಕೊಟ್ಟುಬಿಡಿ, ಗಾಜಿನ ಬೀರುವಿನಲ್ಲಿ ಜೋಪಾನವಾಗಿ ಇಡುತ್ತೇವೆ, ಯುಗಾದಿ ಕಳೆದು ಬರುತ್ತೇನೆ, ಅಷ್ಟರಲ್ಲಿ ಯೋಚಿಸಿ ಎಂದರು. ಮೇಷ್ಟ್ರು ಹೋದ ಮೇಲೆ ಮಾವ ಹತ್ತಿ ತೆಗೆದುಕೊಂಡು ಮೆಲ್ಲಗೆ ಗಿರಿಜೆಯ ಗಲ್ಲ ಸವರುತ್ತಾ ಕೂತರು. ಬಂದವರಿಗೆ ನೀವೇ ಒಂದು ಮಾತು ಗಟ್ಟಿಯಾಗಿ ಹೇಳಿಬಿಡಿ ಮಾವ ಎಂದೆ.

"ಕೈ ಮುಗೀಬ್ಯಾಡಿ ಅಂತ ನಾನು ಹೆಂಗಮ್ಮಾ ಹೇಳ್ಲಿ? ನಮ್ಮಪ್ಪ ಬರ್ದಿದ್ದೇ ನಾಕು ಜನ ಕೈ ಮುಗೀಲಿ ಅಂತ" ಎಂದರು. ಹತ್ತಿ ಕೆಳಗಿಟ್ಟು, "ಕೊಟ್ಟುಬುಡೋಣ. ಎಲ್ಲಾದ್ರೂ ಚೆನ್ನಾಗಿರ್ಲಿ" ಎಂದರು. ಮಗಳನ್ನು ದೂರದ ಊರಿಗೆ ಕೊಡುವವರ ದನಿ ಅದು. ರಾತ್ರಿ ಊಟಕ್ಕೆ ಕೂತವರು ಮುದ್ದೆ ಮುರಿಯಲಿಲ್ಲ. ನನಗೆ ಬಹಳ ಸಂಕಟವಾಯಿತು. ಆ ಗೋಡೆ ಖಾಲಿಯಾದರೆ ಈ ಮನುಷ್ಯ ಉಳಿಯುವುದಿಲ್ಲ ಎನ್ನಿಸಿತು.

ಸಂಕಟದಲ್ಲಿ ನನ್ನ ಬುದ್ಧಿ ಚುರುಕಾಗುತ್ತದೆ, ಅದೇ ನನ್ನ ದೊಡ್ಡ ದೌರ್ಬಲ್ಯ. ಜನಕ್ಕೆ ಬೇಕಾದದ್ದು ಕೈಯಲ್ಲಿರುವ ಕಾಯಿ ಕರ್ಪೂರ ಇಳಿಸಲು ಒಂದು ಜಾಗ ತಾನೇ? ಅದನ್ನು ಹೊರಗೇ ಕೊಟ್ಟರಾಯಿತು! ತಿಪಟೂರಿನ ಕೊಬ್ಬರಿ ಮಂಡಿಯೊಂದರವರು ವರ್ಷಾರಂಭದಲ್ಲಿ ಕೊಟ್ಟ ಕ್ಯಾಲೆಂಡರಿನಲ್ಲಿ ಪಾರ್ವತಿಯ ಪಟವಿತ್ತು. ಅದನ್ನು ತಂದು ಜಗಲಿಯ ಗೋಡೆಗೆ ನೇತುಹಾಕಿ, ಕೆಳಗೆ ದೀಪ, ಮಂಗಳಾರತಿ ತಟ್ಟೆ, ಕಾಯಿ ಒಡೆಯಲು ಒಂದು ಗುಂಡುಕಲ್ಲು ಇಟ್ಟೆ. ಇಲ್ಲಿ ಪೂಜೆ ಮುಗಿಸಿ, ಕೈ ಖಾಲಿ ಮಾಡಿಕೊಂಡು, ಒಳಗೆ ಬಂದು ಚಿತ್ರ ನೋಡಲಿ ಎಂಬುದು ನನ್ನ ಲೆಕ್ಕಾಚಾರ. ಮೊದಲರ್ಧ ನಾನೆಣಿಸಿದಂತೆಯೇ ಆಯಿತು. ಬಂದವರು ಜಗಲಿಯಲ್ಲೇ ಕಾಯಿ ಒಡೆದರು, ಕರ್ಪೂರ ಹಚ್ಚಿದರು, ಪಾರ್ವತಿಗೂ ಕುಂಕುಮ ಇಟ್ಟರು, ಕೆಳಗಿನ ಮಂಡಿಯ ಹೆಸರಿಗೂ ಇಟ್ಟರು, ಒಬ್ಬಾಕೆ ಅಮಾವಾಸ್ಯೆಯ ತಾರೀಖಿಗೂ ಇಟ್ಟಳು. ಆಮೇಲೆ ಎಲ್ಲರೂ ಹಾಗೇ ತಿರುಗಿ ಮೆಟಡೋರ್ ಹತ್ತಿದರು. ಒಳಗೆ ಬನ್ನಿ, ಚಿತ್ರಗಳಿವೆ ಎಂದು ಕೂಗಿದರೆ, ದರ್ಶನ ಆಯ್ತಲ್ಲ ಎಂದರು.

ಮಾವ ನಡುಮನೆಯ ಕಂಬಕ್ಕೆ ಒರಗಿ ಇದನ್ನೆಲ್ಲ ನೋಡುತ್ತಿದ್ದರು. ಎಂದೂ ಯಾರ ಮೇಲೂ ದನಿ ಏರಿಸದವರು ಆ ದಿನ ಹೊರಗೆ ಬಂದು ಕ್ಯಾಲೆಂಡರನ್ನು ಮೊಳೆಯಿಂದ ತೆಗೆದು ನನ್ನ ಕೈಗೆ ಕೊಟ್ಟರು. "ನಾನು ಕುಂಚ ಕೆಳಗಿಟ್ಟಿದ್ದು ಯಾಕೆ ಅಂತ ಗೊತ್ತೇನಮ್ಮಾ? ಇದರಿಂದ್ಲೇ. ಮಂಡಿಯೋರು ಪುಕ್ಕಟೆ ಕೊಡ್ತಾರೆ ಅಂದ್ಮೇಲೆ ನನ್ನ ಪಟ ಯಾರಿಗೆ ಬೇಕು? ಈಗ ನಮ್ಮಪ್ಪನ ಬಾಗ್ಲಿಗೂ ಬಂತಲ್ಲ ಇದು" ಎಂದರು. ನನಗೆ ನೆಲ ಬಿರಿಯಬಾರದೇ ಎನ್ನಿಸಿತು. ಒಳ್ಳೆಯದು ಮಾಡಲು ಹೋಗಿ ಮಾವನ ವೈರಿಯನ್ನೇ ಕರೆತಂದು ಜಗಲಿಯಲ್ಲಿ ಕೂರಿಸಿ ಮಂಗಳಾರತಿ ಎತ್ತಿಸಿದ್ದೆ.

ಮಾರನೆಯ ಬೆಳಿಗ್ಗೆ ಅಂಗಳ ಗುಡಿಸುತ್ತಿದ್ದವಳನ್ನು ಮಾವ ಕರೆದರು. ಮುಂದೆ ಬಣ್ಣದ ಬಟ್ಟಲುಗಳು, ಎಷ್ಟೋ ವರ್ಷ ಟ್ರಂಕಿನಲ್ಲಿ ಮಲಗಿದ್ದ ಕುಂಚಗಳು. ಜಗಲಿಗೆ ದೇವಿ ಬೇಕಾದರೆ ನಾನೇ ಬರೆಯುತ್ತೇನೆ, ನೀನು ಇಲ್ಲಿ ಕೂರು ಎಂದರು. ನಾನು ಪೊರಕೆ ಕೆಳಗಿಟ್ಟು, ಮದುವೆ ಸೀರೆ ಉಟ್ಟು, ಮುಖಕ್ಕೆ ಪೌಡರ್ ಹಚ್ಚಿಕೊಂಡು ಬಂದು ಕೂತೆ. ಬಲಗೈ ವರ ಕೊಡಬೇಕು, ಎಡಗೈ ಕಮಲ ಹಿಡಿಯಬೇಕು. ನಮ್ಮ ಕೆರೆಯಲ್ಲಿ ತಾವರೆ ಇಲ್ಲದ್ದರಿಂದ ಒಂದು ಈರುಳ್ಳಿ ಹಿಡಿದು ಕೂತೆ. ಅಡುಗೆಗೆ ಹೊತ್ತಾದಾಗ ಅತ್ತೆ ಬಂದು ದೇವಿಯ ಕೈಯಿಂದ ಈರುಳ್ಳಿ ಕಿತ್ತುಕೊಂಡು ಹೋಗುತ್ತಿದ್ದರು. ಎಲ್ಲಾ ಕೆಲಸ ಬಿಟ್ಟು ಕೂತಿದ್ದೀಯಲ್ಲ ಎಂದೂ ಗೊಣಗುತ್ತಿದ್ದರು. ಮಾವ ಮಾತ್ರ ಬೇರೆಯೇ ಮನುಷ್ಯರಾಗಿದ್ದರು. ಬೆಳಗಿನಿಂದ ಗುನುಗುತ್ತಿದ್ದರು, ಮುದ್ದೆಯ ಮೇಲೆ ಇನ್ನರ್ಧ ಮುದ್ದೆ ಹಾಕಿಸಿಕೊಳ್ಳುತ್ತಿದ್ದರು. ಎದ್ದು ಹೋಗುವಾಗ ಚಿತ್ರದ ಮೇಲೆ ತಮ್ಮ ಟವೆಲ್ ಮುಚ್ಚಿ ಹೋಗುತ್ತಿದ್ದರು, ಮುಗಿಯುವವರೆಗೆ ಯಾರೂ ನೋಡಬಾರದೆಂದು. ನಾನು ನೋಡಲೂ ಇಲ್ಲ, ನೋಡುವ ಅಗತ್ಯವೂ ಕಾಣಲಿಲ್ಲ. ದೇವಿಗೆ ನನ್ನ ಮುಖ ಬರುತ್ತಿದೆ ಎಂದು ನೀರಿಗೆ ಹೋದ ಕಡೆಯೆಲ್ಲ ಹೇಳಿಕೊಂಡು ಬಂದೆ. ಯುಗಾದಿಗೆ ಬಂದು ನೋಡಿ ಎಂದು ತವರಿಗೂ ಹೇಳಿ ಕಳಿಸಿದೆ.

ತಿಪಟೂರಿನಲ್ಲಿ ಕಟ್ಟು ಹಾಕಿಸಿ, ಗಾಜು ಕೂರಿಸಿ, ಈ ಸಲ ಬಸ್ಸಿನ ಟಾಪನ್ನು ನಂಬದೆ ಯಜಮಾನರ ತೊಡೆಯ ಮೇಲೆ ದೇವಿ ಮನೆಗೆ ಬಂದಳು. ಜಗಲಿಗೆ ಹಾಕಿದಾಗ ನಾನು ದೂರದಿಂದಲೇ ಕಣ್ತುಂಬಿಕೊಂಡೆ. ಸೀರೆಯ ನಿರಿಗೆ, ಬಳೆ, ಕೈ, ಎಲ್ಲ ನನ್ನದೇ. ಮುಖವೂ ನನ್ನದೇ ಎಂದು ಖುಷಿಪಟ್ಟೆ, ಸ್ವಲ್ಪ ಗಂಭೀರವಾಗಿ ಬರೆದಿದ್ದಾರೆ ಅಷ್ಟೆ ಎಂದುಕೊಂಡೆ. ಯಜಮಾನರು ಒಮ್ಮೆ ಚಿತ್ರ, ಒಮ್ಮೆ ನನ್ನನ್ನು ನೋಡಿ, ದನಗಳಿಗೆ ನೀರು ಕುಡಿಸಬೇಕು ಎಂದು ಹಿತ್ತಲಿಗೆ ಹೋದರು.

ಯುಗಾದಿ ಕಳೆದ ವಾರ ಪುಟ್ಟಗೌರಮ್ಮನವರ ತಂಡ ಮತ್ತೆ ಬಂತು. ಅದೇ ದಿನ ಮೈಸೂರಿನ ಮೇಷ್ಟ್ರೂ ಬಂದಿಳಿದರು. ಹೆಂಗಸರು ಜಗಲಿಯಲ್ಲಿ ಕಾಯಿ ಒಡೆದು ಕರ್ಪೂರ ಬೆಳಗಿದರು. ಪುಟ್ಟಗೌರಮ್ಮ ಕನ್ನಡಕ ಹಾಕಿಕೊಂಡು ದೇವಿಯನ್ನು ನೋಡಿದರು. ಆಮೇಲೆ ಕುಂಕುಮದ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದ ನಮ್ಮ ಅತ್ತೆಯನ್ನು ನೋಡಿದರು.

"ಇದು ನಿಮ್ಮ ಮುಖ ಕಣ್ರೀ" ಎಂದರು.

ಎಲ್ಲರೂ ತಿರುಗಿದರು, ನಾನೂ ತಿರುಗಿದೆ. ಅದೇ ಹುಬ್ಬು, ಅದೇ ಮೂಗು, ಕೆಳತುಟಿಯಲ್ಲಿ ಅದೇ ಬಿಗುವು. ವಯಸ್ಸು ಮಾತ್ರ ಇಪ್ಪತ್ತರ ಸುಮಾರು. ಇಷ್ಟು ದಿನ ನನಗೆ ಹೇಗೆ ಕಾಣಲಿಲ್ಲವೋ! ಅತ್ತೆ ಸೆರಗು ಸರಿ ಮಾಡಿಕೊಂಡರು. ನಾನು ತಡೆಯಲಾರದೆ, ಅಷ್ಟು ದಿನ ಕೂತವಳು ನಾನಲ್ಲವೇ ಮಾವ ಎಂದು ಕೇಳಿಯೇಬಿಟ್ಟೆ.

"ನಿನ್ನ ಕೂರಿಸಿದ್ದು ಕೈಗೆ ಕಣಮ್ಮಾ. ಮುಖಕ್ಕೆ ಯಾರೂ ಕೂರಬೇಕಾಗಿರ್ಲಿಲ್ಲ" ಎಂದರು ಮಾವ. "ಅದು ನಂಗೆ ಬಾಯಿಪಾಠ."

ಅಷ್ಟು ವರ್ಷ ಒಟ್ಟಿಗೆ ಬಾಳಿದ್ದರೂ ಇದನ್ನು ಅತ್ತೆಗೆ ಅವರೆಂದೂ ಹೇಳಿರಲಾರರು. ಅತ್ತೆ ಕುಂಕುಮದ ಬಟ್ಟಲನ್ನು ನನ್ನ ಕೈಗಿತ್ತು ಒಳಗೆ ಹೋದರು. ಬಿಳಿಗೆರೆಯ ಹೆಂಗಸರೆಲ್ಲ ಅವರನ್ನು ಛೇಡಿಸುತ್ತಾ ಹಿಂದೆಯೇ ನಡುಮನೆಗೆ ನುಗ್ಗಿದರು. ಇನ್ನು ಯಾರ್ಯಾರ ಮುಖ ಯಾವ್ಯಾವ ಚಿತ್ರದಲ್ಲಿದೆ ಎಂದು ಒಂದೊಂದನ್ನೂ ಹತ್ತಿರ ಹೋಗಿ ಹುಡುಕತೊಡಗಿದರು. ಹಿಮವಂತ ಯಾರು, ಈ ಸಖಿ ಯಾರು ಎಂದು ಕೇಳಿದ್ದಕ್ಕೆಲ್ಲ ಮಾವ ಬಾಯಿ ತುಂಬ ಹೇಳುತ್ತಿದ್ದರು. ಆ ಮನೆಯಲ್ಲಿ ಚಿತ್ರ ನೋಡಲು ಅಷ್ಟು ಗಲಾಟೆಯಾದದ್ದನ್ನು ನಾನು ಮೊದಲ ಬಾರಿಗೆ ಕಂಡೆ. ಕೈಗಳೆಲ್ಲ ಖಾಲಿ, ಕಣ್ಣುಗಳೆಲ್ಲ ಗೋಡೆಯ ಮೇಲೆ. ಮೇಷ್ಟ್ರು ಒಂದು ಮೂಲೆಯಲ್ಲಿ ನಿಂತು ನೋಡಿದರು. ಮೈಸೂರಿಗೆ ಸಾಗಿಸುವ ಮಾತು ಎತ್ತಲಿಲ್ಲ, ಇವು ಇಲ್ಲೇ ಇರಲಿ ಸ್ವಾಮಿ ಎಂದರು. ಹೋಗುವಾಗ ಜಗಲಿಯಲ್ಲಿ ನಿಂತು, ಈ ಹೊಸದನ್ನಾದರೂ ನಮಗೆ ಕೊಡಬಾರದೇ ಎಂದು ಕೇಳಿದರು. ಇದನ್ನು ಕೊಟ್ಟರೆ ನನಗೆ ಮುದ್ದೆ ತಿರುವಿ ಹಾಕುವವರು ಯಾರು ಎಂದು ಮಾವ ನಕ್ಕರು.

ಅಂತೂ ಚಿತ್ರಗಳು ಉಳಿದವು. ಮಾವ ಹತ್ತಿಯಿಂದ ಸವರಿ ಸವರಿ ಗಿರಿಜೆಯ ಗಲ್ಲದ ಮಸಿಯೂ ಬರಬರುತ್ತಾ ಅಳಿಸಿಹೋಯಿತು. ಜಗಲಿಯ ದೇವಿಗೆ ಮಾತ್ರ ದಿನದಿನಕ್ಕೆ ಖ್ಯಾತಿ ಏರಿತು. ಹರಕೆ ಹೊತ್ತವರು, ಮಗಳಿಗೆ ಗಂಡು ಸಿಕ್ಕವರು, ಕೊಬ್ಬರಿಗೆ ರೇಟು ಬಂದವರು ಎಲ್ಲರೂ ಬಂದು ಅಡ್ಡಬೀಳುತ್ತಾರೆ. ನನ್ನ ಕಷ್ಟ ಕೇಳುವವರಿಲ್ಲ. ಮೊದಲಾದರೆ ಸಾರಿಗೆ ಉಪ್ಪು ಕಡಿಮೆಯಾಯಿತು ಎಂದು ಅತ್ತೆ ಅಂದರೆ, ನಾನೂ ಒಂದು ಮಾತು ತಿರುಗಿಸಿ ಅನ್ನುತ್ತಿದ್ದೆ. ಈಗ ಹೇಗೆ ಅನ್ನಲಿ? ಮೂರು ತಾಲ್ಲೂಕಿನವರು ಕಾಯಿ ಒಡೆದು ಕೈಮುಗಿಯುವ ಮುಖ ಒಲೆಯ ಮುಂದೆ ನಿಂತು ನನ್ನನ್ನು ನೋಡುತ್ತಿರುತ್ತದೆ. ನಿಮ್ಮ ದೇವಿ ನಮ್ಮ ಬೇಡಿಕೆ ನಡೆಸಿಕೊಟ್ಟಳು ಎಂದು ಯಾರಾದರೂ ಹೇಳಿದಾಗ, ವರ ಕೊಟ್ಟ ಕೈ ನನ್ನದು ಎಂದು ಹೇಳಬೇಕೆನಿಸುತ್ತದೆ. ಹೇಳೋಣವೆಂದರೆ ಆ ಹೊತ್ತಿಗೆ ಸರಿಯಾಗಿ ಅದು ಪಾತ್ರೆ ತಿಕ್ಕುತ್ತಿರುತ್ತದೆ.