ಟಿಲ್ ಮಹಾರಾಜರು

ದ್ವಾರಕಾನಾಥನ ಬಾಯಿಗೆ ‘ಆಗಲ್ಲ’ ಎನ್ನುವ ಮಾತು ಬರುತ್ತಿರಲಿಲ್ಲ. ಕನ್ನಡ ಕೂಟದ ರಾಜ್ಯೋತ್ಸವದ ದಿನ ಬೆಳಗ್ಗೆ, ಕಡಲಾಚೆಯ ಪರದೇಶದ ಈಸ್ಟ್‌ಗೇಟ್‌ನ ಅವನ ಮನೆ ಬಾಗಿಲಲ್ಲಿ ಪಕ್ಕದ ಮನೆಯ ಮುದುಕ ಮೆಕ್‌ನೀಲ್ ಟೋಪಿ ಕೈಯಲ್ಲಿ ಹಿಡಿದು ನಿಂತಾಗಲೂ ಬರಲಿಲ್ಲ. ಆಮೇಲಿನ ಅನಾಹುತಕ್ಕೆಲ್ಲ ಅದೇ ಕಾರಣ.

ಮೆಕ್‌ನೀಲ್ ಸ್ಕಾಟ್‌ಲೆಂಡಿನವನು, ನಿವೃತ್ತ ಮೇಷ್ಟ್ರು. ಹಳೆಯ ಸ್ಕಾಟ್ಸ್ ಭಾಷೆಯ ಮೇಲೆ ಪ್ರಾಣ ಇಟ್ಟುಕೊಂಡವರ ಒಂದು ಸಂಘ ಕಟ್ಟಿದ್ದ. ಸದಸ್ಯರೆಲ್ಲ ಒಂದೇ ವ್ಯಾನಿನಲ್ಲಿ ಹಿಡಿಸುತ್ತಿದ್ದರು. ಅಂದು ಅವರಿಗೆ ಇವನ ಉಪನ್ಯಾಸ. ಆದರೆ ಅವರು ಸೇರುವ ಕೋಣೆಯಲ್ಲಿ ರಾತ್ರಿ ಪೈಪು ಒಡೆದು ಕುರ್ಚಿಗಳ ಕಾಲು ಮುಳುಗಿದ್ದವಂತೆ. ಬಡಾವಣೆಯ ಸಮುದಾಯ ಭವನ ಇವತ್ತು ನಿಮ್ಮ ಕೂಟದ ಹೆಸರಿನಲ್ಲಿದೆಯಲ್ಲ, ನಾಲ್ಕರಿಂದ ಆರರ ತನಕ ನಮಗೆ ಬಿಟ್ಟುಕೊಡುತ್ತೀಯಾ ಎಂದು ಕೇಳಿದ.

ಕೂಟದ ಆಮಂತ್ರಣದಲ್ಲೂ ಸಂಜೆ ನಾಲ್ಕು ಗಂಟೆ ಎಂದೇ ಇತ್ತು. ಬೇರೆ ಯಾವ ಜನಾಂಗದವನಾದರೂ ಅದನ್ನು ನೆನೆದು ಕೈಮುಗಿದು ಬಾಗಿಲು ಹಾಕುತ್ತಿದ್ದ. ದ್ವಾರಕಾನಾಥ ಕನ್ನಡಿಗ. ಕೂಟ ಹುಟ್ಟಿದಾಗಿನಿಂದ ಕಾರ್ಡಿನಲ್ಲಿ ನಾಲ್ಕು ಎಂದು ಹಾಕಿದ್ದಕ್ಕೆ ಆರಕ್ಕೆ ಮುಂಚೆ ಒಂದು ನರಪಿಳ್ಳೆಯೂ ಬಂದದ್ದಿಲ್ಲ. ಆರಕ್ಕೆ ಬರಲಿ ಎಂದೇ ನಾಲ್ಕು ಹಾಕುವುದು, ನಾಲ್ಕು ಹಾಕಿದ್ದಾರೆ ಎಂದೇ ಆರಕ್ಕೆ ಹೊರಡುವುದು. ಇದು ಹಾಕುವವರಿಗೂ ಗೊತ್ತು, ಬರುವವರಿಗೂ ಗೊತ್ತು. ಹಾಗಿರುವಾಗ ಯಾರಿಗೂ ಬೇಡದ ಎರಡು ಗಂಟೆಯನ್ನು ಪಾಪದ ಮುದುಕನಿಗೆ ಕೊಟ್ಟರೆ ಗಂಟೇನು ಹೋಯಿತು? ಆಗಲಿ ಎಂದ. ಯಾರಿಗೂ ಹೇಳುವ ಗೋಜಿಗೆ ಹೋಗಲಿಲ್ಲ.

ಹೇಳದಿರಲು ಇನ್ನೊಂದು ಕಾರಣವೂ ಇತ್ತು. ದ್ವಾರಕಾನಾಥ ಓವರ್‌ಲೇಕ್‌ನ ಆಫೀಸಿನಲ್ಲಿ ಹೊಟ್ಟೆಪಾಡಿಗೆ ಇತರರ ಪ್ರೋಗ್ರಾಮುಗಳ ತಪ್ಪು ಹುಡುಕುತ್ತಿದ್ದನಾದರೂ ಅಂತರಂಗದಲ್ಲಿ ನಟ. ‘ರಾಜನ ಹಲ್ಲುನೋವು’ ಎಂಬ ನಗೆನಾಟಕ ಬರೆದು, ರಾಜನ ಪಾತ್ರವನ್ನು ತನಗೇ ಕೊಟ್ಟುಕೊಂಡು ಮೂರು ವರ್ಷವಾಗಿತ್ತು. ಒಂದು ವರ್ಷ ಮಕ್ಕಳ ವೇಷಭೂಷಣ ಸ್ಪರ್ಧೆ ಅದನ್ನು ನುಂಗಿತು, ಇನ್ನೊಂದು ವರ್ಷ ವಂದನಾರ್ಪಣೆ ನುಂಗಿತು. ಕಳೆದ ವರ್ಷ, ಕೂಟಕ್ಕೆ ಭವನ ಗೊತ್ತುಮಾಡುವ ಕೆಲಸ ಹೊತ್ತಿದ್ದ ಇವನೇ ಹಿಡಿದ ಭವನದಲ್ಲಿ ಒಗ್ಗರಣೆ ವಾಸನೆಗೆ ಬೆಂಕಿಯ ಅಲಾರಂ ಹೊಡೆದುಕೊಂಡು ಇಡೀ ಕೂಟ ಮಳೆಯಲ್ಲಿ ನಿಂತು ಬಿಸಿಬೇಳೆಬಾತ್ ತಿಂದಿತು. ಅಧ್ಯಕ್ಷ ವೀರಣ್ಣನವರು ಹಾವೇರಿ ಕಡೆಯವರು, ರೆಂಟನ್ನಿನಲ್ಲಿ ವಿಮಾನದ ರೆಕ್ಕೆ ಕೂಡಿಸುವ ಇಂಜಿನಿಯರು, ಮಾತಿನಲ್ಲಿ ಮುಲಾಜಿಲ್ಲದವರು. ಈ ಸಲ ಅವರು ಮೊದಲೇ ಎಚ್ಚರಿಸಿದ್ದರು:

“ಆರೂವರಿಗೆ ನಿಮ್ಮ ನಾಟಕ, ಮಾತು ಕೊಟ್ಟೇನಿ. ಆದ್ರ ಹಾಲ್ ವಿಷಯದಾಗ ಮತ್ತೇನರ ಎಡವಟ್ಟಾತಂದ್ರ ನಾಟಕಾನೂ ಇಲ್ಲ, ನೀವೂ ಇಲ್ಲ.”

ಮಧ್ಯಾಹ್ನ ಮೂರಕ್ಕೇ ದ್ವಾರಕಾನಾಥ ಭವನಕ್ಕೆ ಹೋಗಿ ವೇದಿಕೆಯ ಮೇಲೆ ಸಿಂಹಾಸನ ಇಟ್ಟ. ಅದು ವಸಂತಲಕ್ಷ್ಮಿಯವರ ಮನೆಯ ಊಟದ ಕುರ್ಚಿ. ಚಿನ್ನದ ಬಣ್ಣದ ಕಾಗದ ಸುತ್ತಿ ಸಿಂಹದ ಮುಖ ಅಂಟಿಸಿದ್ದ. ಹಿಂದಿನ ಕೋಣೆಯಲ್ಲಿ ಮೈಸೂರು ಪೇಟ, ಜರಿ ಶಾಲು, ಮುತ್ತಿನ ಹಾರ ಜೋಡಿಸಿದ. ಮಂತ್ರಿಯ ಪಾತ್ರ ಮಾಡುವ ಪ್ರಶಾಂತನ ಕನ್ನಡಕವನ್ನು ತಾನೇ ಕಿತ್ತುಕೊಂಡು ಜೇಬಿಗೆ ಹಾಕಿಕೊಂಡ. ಕನ್ನಡಕ ಇಲ್ಲದೆ ತನಗೆ ತನ್ನ ಕೈಯೇ ಕಾಣುವುದಿಲ್ಲ ಎಂದು ಪ್ರಶಾಂತ ಗೋಗರೆದರೂ, ರಾಜರ ಕಾಲದ ಮಂತ್ರಿ ಪ್ಲಾಸ್ಟಿಕ್ ಫ್ರೇಮು ಹಾಕುತ್ತಿರಲಿಲ್ಲ ಎಂದು ಬಾಯಿ ಮುಚ್ಚಿಸಿದ. ಕಲೆಯ ವಿಷಯದಲ್ಲಿ ದ್ವಾರಕಾನಾಥ ಹಿಟ್ಲರ್.

ನಾಲ್ಕಕ್ಕೆ ಮೆಕ್‌ನೀಲ್ ತನ್ನ ವ್ಯಾನಿನ ಮುದುಕ ಮುದುಕಿಯರೊಂದಿಗೆ ಬಂದು ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಿದ. ಅವನ ಬೆನ್ನಿಗೇ ಹೊರಗೆ ಕಾರುಗಳ ಬಾಗಿಲು ಧಡಧಡ ಬಡಿದುಕೊಳ್ಳತೊಡಗಿತು. ದ್ವಾರಕಾನಾಥ ಕಿಟಕಿಯಲ್ಲಿ ಇಣುಕಿದ. ರೇಷ್ಮೆ ಸೀರೆ, ಜುಬ್ಬ, ಮಳೆಗೆ ಮೇಲೊಂದು ದಪ್ಪ ಜಾಕೆಟ್ಟು. ಕನ್ನಡ ಕೂಟಕ್ಕೆ ಕೂಟವೇ ತುಂತುರಿನಲ್ಲಿ ಓಡಿಬರುತ್ತಿತ್ತು.

ಓಡಿಸಿದವರು ಅಡುಗೆ ಸಮಿತಿಯ ವಸಂತಲಕ್ಷ್ಮಿ. ಪ್ರತಿ ವರ್ಷ ಊಟ ಆರಿ ಹೋಗುವುದನ್ನು ನೋಡಿ ರೋಸಿಹೋಗಿದ್ದ ಆಕೆ ಹಿಂದಿನ ರಾತ್ರಿ ವಾಟ್ಸಾಪ್ ಗುಂಪಿನಲ್ಲಿ ಒಂದು ಸಂದೇಶ ಬಿಟ್ಟಿದ್ದರು. ನಾಲ್ಕಕ್ಕೆ ಸರಿಯಾಗಿ ಬಂದವರಿಗೆ ಶೇಂಗಾ ಹೋಳಿಗೆ; ತಡವಾಗಿ ಬಂದವರಿಗೆ ನಾನೇ ಮಾಡಿದ ಕೊಡುಬಳೆ. ವಸಂತಲಕ್ಷ್ಮಿಯವರ ಕೊಡುಬಳೆಯನ್ನು ಒಮ್ಮೆ ಕಡಿದವರು ಎರಡನೆಯ ಸಲ ಆ ಸಾಹಸ ಮಾಡುತ್ತಿರಲಿಲ್ಲ. ಕೂಟದ ಇತಿಹಾಸದಲ್ಲಿ ಮೊದಲ ಬಾರಿಗೆ ಕನ್ನಡಿಗರು ಹೊತ್ತಿಗೆ ಸರಿಯಾಗಿ ಬಂದಿದ್ದರು. ಮಾತು ಕಂಠಪಾಠ ಮಾಡುವ ಭರದಲ್ಲಿ ಫೋನು ಆರಿಸಿಟ್ಟಿದ್ದ ದ್ವಾರಕಾನಾಥನಿಗೆ ಮಾತ್ರ ಇದು ಗೊತ್ತಿರಲಿಲ್ಲ.

ಭವನ ತುಂಬಿತು. ಮೆಕ್‌ನೀಲ್ ವೇದಿಕೆಯ ಮೇಲಿನಿಂದ ನೋಡಿದ. ಇಷ್ಟು ಜನ ತನ್ನ ಮಾತು ಕೇಳಲು ಬಂದಿದ್ದಾರೆ ಎಂದುಕೊಂಡ ಅವನ ಕಣ್ಣು ತುಂಬಿ ಬಂತು, ಕನ್ನಡಕ ತೆಗೆದು ಒರೆಸಿಕೊಂಡ. ಅದನ್ನು ಕಂಡು, ವೇದಿಕೆಯ ಕಡೆ ಹೊರಟಿದ್ದ ದ್ವಾರಕಾನಾಥ ಅಲ್ಲೇ ನಿಂತ. ಈಗ ಹೋಗಿ ಇಳಿ ಎನ್ನುವುದು ಹೇಗೆ? ಅಷ್ಟರಲ್ಲಿ ವೀರಣ್ಣನವರು ಬಂದು ಅವನ ರಟ್ಟೆ ಹಿಡಿದರು.

“ಯಾರ್ರೀ ಇಂವ, ನಮ್ಮ ಸ್ಟೇಜಿನ ಮ್ಯಾಲೆ?”

“ಚೀಫ್ ಗೆಸ್ಟ್ ಸಾರ್,” ಎಂದುಬಿಟ್ಟ ದ್ವಾರಕಾನಾಥ. “ಭಾಷಾ ವಿದ್ವಾಂಸರು. ಸರ್‌ಪ್ರೈಸ್ ಅಂತ ಹೇಳಿರಲಿಲ್ಲ.”

ಬೆಂಗಳೂರಿನಿಂದ ಬರಬೇಕಿದ್ದ ಮುಖ್ಯ ಅತಿಥಿಗೆ ವೀಸಾ ಸಿಗದೆ ವೀರಣ್ಣನವರು ತಲೆಬಿಸಿ ಮಾಡಿಕೊಂಡಿದ್ದ ಹೊತ್ತು ಅದು. ಬಿಳಿಯ, ಮುದುಕ, ಮೇಲಾಗಿ ವಿದ್ವಾಂಸ. ಮುಖ್ಯ ಅತಿಥಿಗೆ ಇನ್ನೇನು ಬೇಕು? ದ್ವಾರಕಾನಾಥನ ಬೆನ್ನು ತಟ್ಟಿ, ಸನ್ಮಾನ ಆಗಬೇಕು, ಶಾಲು ಪೇಟ ತನ್ನಿ ಎಂದು ಕೂಗಿದರು. ಕೂಟದಲ್ಲಿ ಶಾಲೂ ಇರಲಿಲ್ಲ, ಪೇಟವೂ ಇರಲಿಲ್ಲ. ಆದರೆ ವಸಂತಲಕ್ಷ್ಮಿಯವರಿಗೆ ಹಿಂದಿನ ಕೋಣೆಯಲ್ಲಿ ಎರಡೂ ಕಂಡಿದ್ದವು. ಎರಡು ನಿಮಿಷದಲ್ಲಿ ರಾಜನ ಪೇಟ ಮೆಕ್‌ನೀಲನ ತಲೆಯ ಮೇಲಿತ್ತು, ಜರಿ ಶಾಲು ಹೆಗಲ ಮೇಲಿತ್ತು, ಮುತ್ತಿನ ಹಾರ ಕೊರಳಲ್ಲಿತ್ತು, ಮೆಕ್‌ನೀಲ್ ಸಿಂಹಾಸನದಲ್ಲಿದ್ದ. ಆರೂವರೆಯೊಳಗೆ ಎಲ್ಲ ವಾಪಸ್ಸು ಇಸಿದುಕೊಂಡರಾಯಿತು ಎಂದು ದ್ವಾರಕಾನಾಥ ಹಲ್ಲು ಕಚ್ಚಿ ಚಪ್ಪಾಳೆ ತಟ್ಟಿದ.

ಉಪನ್ಯಾಸದ ವಿಷಯ ‘ಟಿಲ್’ ಎಂಬ ಒಂದು ಪದ. ಹಳೆಯ ಸ್ಕಾಟ್ಸಿನಲ್ಲಿ ಈ ಪುಟ್ಟ ಪದ ಒಬ್ಬಂಟಿಯಾಗಿ ಇಡೀ ಸಂಸಾರ ತೂಗಿಸುತ್ತಿತ್ತಂತೆ. ಒಂದು ಊರಿಗೆ ಹೋಗುವುದಕ್ಕೂ ಟಿಲ್, ಒಬ್ಬರಿಗೆ ಏನಾದರೂ ಕೊಡುವುದಕ್ಕೂ ಟಿಲ್, ಇಂಥ ಹೊತ್ತಿನವರೆಗೆ ಎನ್ನುವುದಕ್ಕೂ ಟಿಲ್. ಒಬ್ಬಳನ್ನು ಹೆಂಡತಿಯಾಗಿ ಮಾಡಿಕೊಂಡ ಎನ್ನಬೇಕಾದರೂ ಟಿಲ್‌ನ ಸಹಾಯ ಬೇಕಿತ್ತು. ಈಗಿನ ಇಂಗ್ಲಿಷಿನವರು ಅದರ ಕೆಲಸವೆಲ್ಲ ಕಿತ್ತುಕೊಂಡು, ಹೊತ್ತು ಕಾಯುವ ವಾಚ್‌ಮನ್ ಕೆಲಸವೊಂದನ್ನು ಉಳಿಸಿದ್ದಾರೆ ಎಂದು ಮೆಕ್‌ನೀಲ್ ಗೋಳು ತೋಡಿಕೊಂಡ. ಸಭೆ ಪಿಟಕ್ಕೆನ್ನದೆ ಕೇಳಿತು. ಊಟಕ್ಕೆ ಮುಂಚೆ ಅರ್ಥವಾಗದ ಭಾಷಣ ಕೇಳುವುದು ಕನ್ನಡಿಗರಿಗೆ ಹೊಸದೇನಲ್ಲ. ಮುಖ್ಯ ಅತಿಥಿ ಅರ್ಥವಾಗುವಂತೆ ಮಾತಾಡಿದ್ದರೆ ಅನುಮಾನ ಬರುತ್ತಿತ್ತು.

ಆರಕ್ಕೆ ಸರಿಯಾಗಿ ಮೆಕ್‌ನೀಲ್ ಮುಗಿಸಿದ. ದ್ವಾರಕಾನಾಥ ಪೇಟ ಇಸಿದುಕೊಳ್ಳಲು ಮೆಟ್ಟಿಲು ಹತ್ತಿದ್ದ. ಆಗ ಎರಡನೆಯ ಸಾಲಿನಿಂದ ನೀಲಕಂಠಪ್ಪನವರು ಎದ್ದು ನಿಂತರು. ಗದಗಿನಲ್ಲಿ ಕನ್ನಡ ಪಂಡಿತರಾಗಿ ನಿವೃತ್ತರಾದ ಅವರು ಮಗಳ ಮನೆಗೆ ಬಂದು ಮೂರು ತಿಂಗಳಾಗಿತ್ತು. ಈ ಮೂರು ತಿಂಗಳಲ್ಲಿ ಅವರೊಡನೆ ವ್ಯಾಕರಣ ಮಾತಾಡಲು ಒಬ್ಬನೂ ಸಿಕ್ಕಿರಲಿಲ್ಲ.

“ಇದರಾಗೇನೈತಿ ಹೆಚ್ಚಿಂದು?” ಎಂದರು ನೀಲಕಂಠಪ್ಪನವರು. “ನಮ್ಮ ‘ಗೆ’ ನೋಡ್ರಿ. ಊರಿಗೆ ಹೋಗು, ಮಗಳಿಗೆ ಕೊಡು, ಸಂಜಿಗೆ ಬಾ. ನಮ್ಮ ‘ಗೆ’ ಇನ್ನೂ ರಿಟೈರ್ ಆಗಿಲ್ಲ ಅಂತ ಅವರಿಗೆ ಹೇಳ್ರಿ.”

ಹೇಳಿದ್ದೇ ತಡ, ಮೆಕ್‌ನೀಲ್ ಸಿಂಹಾಸನದಿಂದ ಜಿಗಿದ. ಬದುಕಿನಲ್ಲಿ ಮೊದಲ ಸಲ ಅವನಿಗೆ ಒಬ್ಬ ಎದುರಾಳಿ ಸಿಕ್ಕಿದ್ದ. ಇವರು ಚತುರ್ಥಿ ವಿಭಕ್ತಿ ಎಂದರು, ಅವನು ಹದಿನೈದನೆಯ ಶತಮಾನ ಎಂದ. ಇವರ ಇಂಗ್ಲಿಷು ಗದಗಿನದು, ಅವನದು ಗ್ಲಾಸ್ಗೋದು, ಆದರೂ ಇಬ್ಬರಿಗೂ ಎಲ್ಲವೂ ತಿಳಿಯುತ್ತಿತ್ತು. ದ್ವಾರಕಾನಾಥ ಗಡಿಯಾರ ತೋರಿಸಿ ವೀರಣ್ಣನವರನ್ನು ಬೇಡಿಕೊಂಡ. ವೀರಣ್ಣನವರು ನೀಲಕಂಠಪ್ಪನವರ ಅಳಿಯ. ಬೋಯಿಂಗ್‌ನಷ್ಟು ದೊಡ್ಡ ವಿಮಾನವನ್ನಾದರೂ ತಡೆದು ನಿಲ್ಲಿಸಬಹುದು, ಹೆಣ್ಣು ಕೊಟ್ಟ ಮಾವನ ಬಾಯಿ ಹಿಡಿಯಲಾದೀತೇ ಎಂದು ಅವರು ಕೈಚೆಲ್ಲಿದರು.

ಏಳಾಗುವ ಹೊತ್ತಿಗೆ ವಸಂತಲಕ್ಷ್ಮಿಯವರು ಸೌಟಿನಿಂದ ಪಾತ್ರೆ ಬಾರಿಸಿ ಊಟಕ್ಕೆ ಕರೆದರು. ಊಟವಾದ ಮೇಲೆ ಕೂಟದಲ್ಲಿ ಉಳಿಯುವವರು ಯಾರು? ಕೈ ತೊಳೆದ ನೀರು ಆರುವುದರೊಳಗೆ ಕಾರು ಸ್ಟಾರ್ಟ್ ಆಗಿರುತ್ತದೆ. ದ್ವಾರಕಾನಾಥ ತಲೆ ಓಡಿಸಿದ. ಬೀಡಾದ ಡಬ್ಬಿಯನ್ನು ಎತ್ತಿ ತನ್ನ ಕಾರಿನ ಡಿಕ್ಕಿಯಲ್ಲಿಟ್ಟು ಬೀಗ ಹಾಕಿ, ಬೀಡಾ ನಾಟಕದ ನಂತರ ಎಂದು ಸಾರಿದ. ಜನ ಗೊಣಗಿದರು, ಆದರೆ ಕೂತರು. ನಾಲ್ಕನೆಯ ವರ್ಷಕ್ಕೆ ದ್ವಾರಕಾನಾಥನಿಗೆ ಕೊನೆಗೂ ಪ್ರೇಕ್ಷಕರು ಸಿಕ್ಕಿದ್ದರು.

ಮುಖ್ಯ ಅತಿಥಿ ನೆಮ್ಮದಿಯಾಗಿ ಉಣ್ಣಲಿ ಎಂದು ಅವನಿಗೆ ವೇದಿಕೆಯ ಮೇಲೆಯೇ ಬಡಿಸಿ, ಪರದೆ ಎಳೆದಿದ್ದರು. ಎಲ್ಲರೂ ಹೊತ್ತಿಗೆ ಬಂದದ್ದರಿಂದ ಕೊಡುಬಳೆ ಒಂದೂ ಖರ್ಚಾಗಿರಲಿಲ್ಲ. ವಸಂತಲಕ್ಷ್ಮಿಯವರು ಅಷ್ಟನ್ನೂ ಅತಿಥಿಯ ತಟ್ಟೆಗೆ ಸುರಿದಿದ್ದರು. ಇನ್ನು ಪೇಟ ಕೇಳಲೇಬೇಕು ಎಂದು ದ್ವಾರಕಾನಾಥ ಪರದೆಯ ಕಡೆ ಹೊರಟ. ಅಷ್ಟರಲ್ಲಿ ವೀರಣ್ಣನವರು, ಸ್ಕಾಟ್ಸ್ ಸಂಘದ ವ್ಯಾನಿಗೆ ಯಾರದೋ ಕಾರು ಅಡ್ಡ ನಿಂತಿದೆ, ಹಾಲ್ ಇನ್‌ಚಾರ್ಜ್ ನೀವೇ ತಾನೆ, ತೆಗೆಸಿ ಎಂದು ಅವನನ್ನು ಮಳೆಗೆ ಅಟ್ಟಿದರು. ಆಗಲ್ಲ ಎನ್ನಲು ಬಾಯಿ ಬರಲಿಲ್ಲ. ಹೋಗಿ ನೋಡಿದರೆ ಅಡ್ಡ ನಿಂತದ್ದು ಅವನದೇ ಕಾರು.

ಅವನು ಕಾರು ಸರಿಸಿ, ಒದ್ದೆಯಾಗಿ ಒಳಗೆ ಬಂದಾಗ ಭವನ ನಗುವಿನಿಂದ ಅದುರುತ್ತಿತ್ತು. ಪರದೆ ಸರಿದಿತ್ತು. ಬೀಡಾಕ್ಕೆ ಕಾದು ಜನ ಏಳತೊಡಗಿದ್ದರಿಂದ ವೀರಣ್ಣನವರು ಪರದೆಯ ಹಿಂದೆ ಯಾರಿದ್ದಾರೆ ಎಂದು ಕೂಡ ನೋಡದೆ ನಾಟಕ ಶುರು ಮಾಡಿಸಿಬಿಟ್ಟಿದ್ದರು. ಸಿಂಹಾಸನದ ಮೇಲೆ ಪೇಟ, ಶಾಲು, ಹಾರ ತೊಟ್ಟ ಮೆಕ್‌ನೀಲ್ ಎರಡೂ ಕೈಯಿಂದ ದವಡೆ ಹಿಡಿದುಕೊಂಡು ನರಳುತ್ತಿದ್ದ. ಅವನ ತೊಡೆಯ ಮೇಲೆ ಅರ್ಧ ಕಡಿದ ಕೊಡುಬಳೆ ಇತ್ತು. ಎದುರಿಗೆ ಮಂತ್ರಿ ಪ್ರಶಾಂತ ಪೇಟವೊಂದು ಮಸುಕಾಗಿ ಕಂಡದ್ದೇ ಸಾಕೆಂದು ನಡುಬಗ್ಗಿಸಿ ನಿಂತಿದ್ದ.

“ಮಹಾಪ್ರಭು, ನೋವು ಎಲ್ಲಿಂದ ಎಲ್ಲಿಯವರೆಗೆ ಹಬ್ಬಿದೆ?” ಎಂದ ಪ್ರಶಾಂತ. ಅದು ದ್ವಾರಕಾನಾಥನೇ ಬರೆದ ಮಾತು.

ಮುಂದಿನ ಸಾಲಿಗೆ ಬಂದು ಕೂತಿದ್ದ ನೀಲಕಂಠಪ್ಪನವರು ಅದನ್ನು ಇಂಗ್ಲಿಷಿಗೆ ತಿರುಗಿಸಿದರು. ಮೆಕ್‌ನೀಲ್ ಅಂಥ ನೋವಿನಲ್ಲೂ ಮೇಷ್ಟ್ರು. ಹಲ್ಲು ಮುಟ್ಟಿ ತೋರಿಸಿದ, ಅಲ್ಲಿಂದ ಬೆರಳನ್ನು ಕೆನ್ನೆಯ ಮೇಲೆ ಎಳೆದು ಕಿವಿ ಮುಟ್ಟಿದ, “ಟಿಲ್ ಮೈ ಇಯರ್” ಎಂದು ಕಿರುಚಿದ. ಮೂರು ಗಂಟೆ ಟಿಲ್ ಕೇಳಿದ ಜನಕ್ಕೆ ಅದೊಂದು ಪದ ಚೆನ್ನಾಗಿ ಅರ್ಥವಾಗುತ್ತಿತ್ತು. ಇಡೀ ಸಭೆ ಎದ್ದು ನಿಂತು ಶಿಳ್ಳೆ ಹೊಡೆಯಿತು. ಮುದುಕ ಮತ್ತೆ ನರಳಿದ, ಮತ್ತೆ ಶಿಳ್ಳೆ. ಮಂತ್ರಿ ತನ್ನ ಮಾತನ್ನು ಒಂದೂ ಬಿಡದೆ ಹೇಳಿದ. ಪ್ರತಿಯೊಂದಕ್ಕೂ ಮಹಾರಾಜರು ನಿಜವಾದ ಕಣ್ಣೀರು ಸುರಿಸಿದರು. ಬಾಗಿಲಲ್ಲಿ ನಿಂತ ದ್ವಾರಕಾನಾಥ ತನ್ನ ನಾಟಕವನ್ನು ಮೊದಲ ಸಲ ನೋಡಿದ. ಅವನಿಗೆ ಅಳು ಬಂತು. ಚೆನ್ನಾಗಿಯೇ ಇತ್ತು ಎಂಬುದಕ್ಕೆ ಇನ್ನೂ ಅಳು ಬಂತು.

ಭಾನುವಾರ ರಾತ್ರಿ ತೆರೆದಿರುವ ದಂತವೈದ್ಯರನ್ನು ಹುಡುಕಿ ಮೆಕ್‌ನೀಲನನ್ನು ಕರೆದೊಯ್ಯುವ ಕೆಲಸ ಯಾರಿಗೆ ಬಿತ್ತು ಎಂದು ಬೇರೆ ಹೇಳಬೇಕಾಗಿಲ್ಲ. ಹೆದ್ದಾರಿಯಲ್ಲಿ ವೈಪರುಗಳು ಅತ್ತಿತ್ತ ಆಡುತ್ತಿದ್ದವು. ಪಕ್ಕದ ಸೀಟಿನಲ್ಲಿ ಪೇಟಧಾರಿ ಮೆಕ್‌ನೀಲ್. ಕೊಟ್ಟ ಸನ್ಮಾನವನ್ನು ವಾಪಸ್ಸು ಕೇಳುವುದು ಶಿಷ್ಟಾಚಾರವಲ್ಲ ಎಂದು ವೀರಣ್ಣನವರು ಅಪ್ಪಣೆ ಮಾಡಿದ್ದರು. ಹಿಂದಿನ ಸೀಟಿನಲ್ಲಿ ಹೆಂಡತಿ ಶ್ರೀವಿದ್ಯಾ ಕೂತಿದ್ದಳು. ಮೂರು ವರ್ಷ ಬಚ್ಚಲಮನೆಯ ಬಾಗಿಲ ಹಿಂದಿನಿಂದ ರಾಜನ ನರಳಾಟ ಕೇಳಿದವಳು ಅವಳು.

“ರೀ, ಬೇಜಾರು ಮಾಡ್ಕೋಬೇಡಿ,” ಎಂದಳು. “ಅವರು ನಿಮಗಿಂತ ನ್ಯಾಚುರಲ್ ಆಗಿ ಮಾಡಿದ್ರು.”

ಆಗಲೇ ಫೋನು ಕಿಣಿಕಿಣಿ ಎಂದಿತು. ವೀರಣ್ಣನವರ ಸಂದೇಶವನ್ನು ಶ್ರೀವಿದ್ಯಾ ಓದಿ ಹೇಳಿದಳು. ನಾಟಕ ಸೂಪರ್ ಹಿಟ್, ಮುಂದಿನ ವರ್ಷವೂ ಇಡಬೇಕೆಂದು ಎಲ್ಲರ ಒತ್ತಾಯ, ರಾಜನ ಪಾತ್ರಕ್ಕೆ ಅದೇ ಯಜಮಾನರು. ಹಾಲ್ ಮಾತ್ರ ಎಂದಿನಂತೆ ನೀವೇ ನೋಡಿಕೊಳ್ಳಿ.

ಮೆಕ್‌ನೀಲ್ ಊದಿದ ಕೆನ್ನೆಯಲ್ಲೇ ದ್ವಾರಕಾನಾಥನ ಕಡೆ ತಿರುಗಿದ. ತನ್ನ ಉಪನ್ಯಾಸ ಕೇಳಿ, ತನ್ನ ಹಲ್ಲುನೋವನ್ನೂ ಇಷ್ಟು ಕಾಳಜಿಯಿಂದ ವಿಚಾರಿಸುವ ಜನವನ್ನು ತಾನು ಎಲ್ಲಿಯೂ ಕಂಡಿಲ್ಲ, ಅದರಲ್ಲೂ ಆ ಬಾಗಿ ನಿಂತ ತರುಣನನ್ನು ಮರೆಯಲಾರೆ ಎಂದ. ಇನ್ನೂ ಎಷ್ಟೋ ಪದಗಳು ಬಾಕಿ ಇವೆ, ತಿಂಗಳಿಗೊಂದರಂತೆ ಹೇಳುತ್ತೇನೆ, ಕುರ್ಚಿ ಜೋಡಿಸಿ ಜನ ಸೇರಿಸುವ ಕೆಲಸ ನೀನು ವಹಿಸಿಕೊಳ್ಳುತ್ತೀಯಾ ಎಂದು ಕೇಳಿದ.

ದ್ವಾರಕಾನಾಥ ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದುಕೊಂಡ. ಜೀವಮಾನದಲ್ಲಿ ಒಮ್ಮೆಯಾದರೂ ಹೇಳಲೇಬೇಕಾದ ಆ ಮಾತನ್ನು ಹೇಳಲು ಬಾಯಿ ತೆರೆದ.

“ಆಗಲಿ ಸಾರ್,” ಎಂದ. “ಎಷ್ಟು ಗಂಟೆಗೆ?”