ಮಾಮಾನ ಲಿನಕ್ಸು, ಮಾಮಿಯ ಹಾಡು

ನಮ್ಮ ಸೋದರಮಾವನಿಗೆ ಹುಚ್ಚು ಹಿಡಿದಿದೆ ಎಂದು ಏಕಸಂಬಿಯಲ್ಲಿ ಯಾರಾದರೂ ನಿಮ್ಮ ಕಿವಿಯಲ್ಲಿ ಹೇಳಿದರೆ ನಂಬಬೇಡಿ. ಹುಚ್ಚಿಗೆ ಅಷ್ಟು ತಾಕತ್ತಿಲ್ಲ. ಅದು ಒಂದೆರಡು ಸಲ ನಮ್ಮ ಮಾಮಾನನ್ನು ಹಿಡಿಯಲು ಬಂದು, ಕಟ್ಟೆಯ ಮೇಲೆ ಕೂತು ಅವರ ಜೊತೆ ವಾದ ಮಾಡಿ, ಸೋತು, ತಲೆ ಕೆರೆದುಕೊಳ್ಳುತ್ತ ವಾಪಸು ಹೋಗಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಅವರ ಹೆಸರನ್ನು ಮಾತ್ರ ಕೇಳಬೇಡಿ. ಲಗ್ನವಾಗಿ ಇಷ್ಟು ವರ್ಷವಾದರೂ ಮಾಮಿಯೇ ಸುಮ್ಮಸುಮ್ಮನೆ ಬಾಯಿಬಿಟ್ಟು ಹೇಳದ ಹೆಸರನ್ನು ನಾನು ಅಚ್ಚು ಹಾಕಿಸಲೇ? ನಮ್ಮ ಕಡೆಯ ಹಳೆಯ ಮಂದಿಯಲ್ಲಿ ಗಂಡ ಹೆಂಡತಿಯ ಹೆಸರೆತ್ತುವುದಿಲ್ಲ, ಹೆಂಡತಿ ಗಂಡನ ಹೆಸರೆತ್ತುವುದಿಲ್ಲ. ಹೇಳಲೇಬೇಕಾದ ಪ್ರಸಂಗ ಬಂದರೆ ಒಡಪು ಕಟ್ಟಿ ಹೇಳಬೇಕು. ಅಂದರೆ ಎರಡು ಸಾಲಿನ ಪ್ರಾಸದ ನಡುವೆ, ಹೋಳಿಗೆಯೊಳಗೆ ಹೂರಣ ಇಟ್ಟಂತೆ, ಹೆಸರನ್ನು ಇಟ್ಟು ದಾಟಿಸಬೇಕು. ಹೊಸ ಮದುಮಕ್ಕಳು ಮನೆಯೊಳಗೆ ಕಾಲಿಡುವಾಗ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಈ ಒಡಪನ್ನು ವಸೂಲಿ ಮಾಡುತ್ತಾರೆ. ಮಾಮಾನ ಲಗ್ನದಲ್ಲೂ ಅಡ್ಡ ನಿಂತರಂತೆ. ಮಾಮಿ ತಟ್ಟನೆ ಒಡಪು ಹೇಳಿ ಒಳಗೆ ಹೋದರು. ಮಾಮಾ ಹೊಸ್ತಿಲ ಮೇಲೆ ಬಲಗಾಲಿಟ್ಟು ಬೆವರಿದರು, ಕೆಮ್ಮಿದರು, ಮೇಲೆ ನೋಡಿ ತೊಲೆ ಎಣಿಸಿದರು. ಕಡೆಗೆ ಅವರ ಅಕ್ಕ, ಎಂದರೆ ನಮ್ಮ ಅವ್ವ, "ಬಿಡ್ರೆವ್ವಾ, ನಾಳೆ ಹೇಳ್ತಾನ" ಎಂದು ಜಾಮೀನು ಕೊಟ್ಟು ಬಿಡಿಸಿದಳು.

ಆ ನಾಳೆ ಬರಲೇ ಇಲ್ಲ! ಅಂದಿನಿಂದ ಮಾಮಿಯನ್ನು ಅವರು ಕರೆಯುವುದು "ಏ, ಕೇಳ್ತೇನ?" ಎಂದು. ಮನೆಗೆ ಬಂದ ಸಣ್ಣ ಹುಡುಗರು ಮಾಮಿಯ ಹೆಸರೇ ಕೇಳ್ತೇನ ಇರಬೇಕು ಎಂದುಕೊಂಡದ್ದೂ ಉಂಟು.

ಇಂಥ ಮಾಮಾ ಒಂದು ಕಾಲಕ್ಕೆ ನಿಪ್ಪಾಣಿಯಲ್ಲಿ ಕ್ಯಾಸೆಟ್ ಅಂಗಡಿ ಇಟ್ಟಿದ್ದರು. ಬೇಕಾದವರಿಗೆ ಬೇಕಾದ ಹಾಡು ತುಂಬಿಕೊಡುವುದು, ಭಜನೆಯವರನ್ನು ಹಿಂದಿನ ಕೋಣೆಯಲ್ಲಿ ಕೂರಿಸಿ ರೆಕಾರ್ಡ್ ಮಾಡುವುದು ಅವರ ಧಂದೆ. ಕೃಷ್ಣೆಯ ಎರಡೂ ದಂಡೆಗಳಲ್ಲಿ ಗಂಟಲು ಇದ್ದವರೆಲ್ಲ ಅವರ ಮೈಕಿನ ಮುಂದೆ ಒಮ್ಮೆ ಕೆಮ್ಮಿದವರೇ. ಕ್ಯಾಸೆಟ್ಟಿನ ಕಾಲ ಮುಗಿದ ಮೇಲೆ ಅಂಗಡಿ ಮುಚ್ಚಿ, ಊರಿಗೆ ಬಂದು, ಮನೆಯಲ್ಲೊಂದು ಕಂಪ್ಯೂಟರ್ ಇಟ್ಟುಕೊಂಡು, ಕಬ್ಬು ನೋಡಿಕೊಂಡಿದ್ದರು. ಆದರೆ ಸುತ್ತಿನ ಊರುಗಳ ಹಾಡೆಲ್ಲ ತುಂಬಿದ ಈ ಮನುಷ್ಯ ಹೆಂಡತಿಯ ಹಾಡನ್ನು ಒಮ್ಮೆಯೂ ತುಂಬಿರಲಿಲ್ಲ. ಮಾಮಿ ಹಾಡದೆ ನಮ್ಮ ಬಳಗದಲ್ಲಿ ಯಾವ ಮದುಮಗಳ ಮೈಗೂ ಅರಿಷಿಣ ಹತ್ತುವುದಿಲ್ಲ. ಬೀಸುಕಲ್ಲಿನ ಪದ, ತೊಟ್ಟಿಲ ಪದ, ಬೀಗರನ್ನು ಬಯ್ಯುವ ಪದ, ಎಲ್ಲ ಅವರ ನಾಲಗೆಯ ಮೇಲೇ.

"ಮನ್ಯಾಗಿನ ಹಾಡು. ಎಲ್ಲಿ ಓಡಿ ಹೋಗ್ತೈತಿ?" ಎನ್ನುತ್ತಿದ್ದರು ಮಾಮಾ.

ಓಡಿ ಹೋಗುವ ಪ್ರಸಂಗವೂ ಬಂತು. ಹೋದ ದೀಪಾವಳಿಯ ಮುಂದೆ ಮಾಮಿಯ ಗಂಟಲಲ್ಲಿ ಒಂದು ಗಂಟು ಕಾಣಿಸಿತು. ಮಿರಜಿನ ಡಾಕ್ಟರು ತಪಾಸಣೆ ಮಾಡಿ, ಗಾಬರಿಯಾಗುವಂಥದ್ದಲ್ಲ, ಆದರೆ ಆಪರೇಷನ್ ಮಾಡಿ ತೆಗೆಯಬೇಕು, ಆಮೇಲೆ ದನಿ ಮೊದಲಿನ ಹಾಗೇ ಇರುತ್ತದೆಂದು ಮಾತು ಕೊಡಲಾರೆ ಎಂದರು. ಸಂಕ್ರಾಂತಿ ಮುಗಿಸಿಕೊಂಡು ಬರಲು ಹೇಳಿದರು. ಬಸ್ಸಿನಲ್ಲಿ ಮಾಮಾ ಡಾಕ್ಟರ ಚೀಟಿಯನ್ನು ಮಡಚುತ್ತ ಬಿಚ್ಚುತ್ತ ಕೂತರು. ಶಿರಗುಪ್ಪಿ ದಾಟಿದ ಮೇಲೆ ಒಮ್ಮೆಲೇ, "ಏ, ಕೇಳ್ತೇನ? ಕಂಪ್ಯೂಟರಿನ ಮೈಕ್ ಟೆಸ್ಟ್ ಮಾಡೂದೈತಿ. ನಾಳಿಂದ ಒಂದೊಂದ ಹಾಡ ಹಾಡು" ಎಂದರು.

"ಟೆಸ್ಟಿಗೆ ಹಾಡ್ಯಾಕ್ರಿ? ಒಂದ, ಎರಡ, ಮೂರ ಅಂದ್ರ ಸಾಕಾಗೂದಿಲ್ಲೇನ?"

"ಅಂಕಿಗೆ ರಾಗ ಇರೂದಿಲ್ಲ" ಎಂದರಂತೆ ಮಾಮಾ, ಕಿಟಕಿಯಾಚೆಯ ಕಬ್ಬನ್ನು ನೋಡುತ್ತ. ಮಾಮಿಗೆ ಎಲ್ಲ ತಿಳಿಯಿತು. ತಿಳಿದದ್ದನ್ನು ಅವರೂ ಹೇಳಲಿಲ್ಲ. ಜೋಡಿ ಎಂದರೆ ಜೋಡಿ!

ಮೊದಲ ದಿನವೇ ಆಘಾತ. ಮಾಮಿ ಬೀಸುಕಲ್ಲಿನ ಪದವೊಂದನ್ನು ಎತ್ತಿಕೊಂಡು, ತವರಿನ ದಾರಿ ಹಿಡಿದು, ಇನ್ನೇನು ತವರೂರಿನ ಬೇವಿನಮರ ಕಾಣಬೇಕು, ಅಷ್ಟರಲ್ಲಿ ಪರದೆಯೆಲ್ಲ ನೀಲಿ! ನಡುವೆ ಒಂದು ಚಕ್ರ. ಅಪ್‌ಡೇಟ್ ಆಗುತ್ತಿದೆ, ಬಂದ್ ಮಾಡಬೇಡಿ ಎಂಬ ಅಪ್ಪಣೆ. ಮಾಮಿ ಬಸದಿಗೆ ಹೋಗಿ ದರ್ಶನ ಮಾಡಿ ಬಂದರು, ಎಮ್ಮೆ ಹಿಂಡಿ ಬಂದರು, ಚಕ್ರ ತಿರುಗುತ್ತಲೇ ಇತ್ತು. ಅದು ನಿಂತಾಗ ಹಾಡೂ ಇರಲಿಲ್ಲ, ತವರೂ ಇರಲಿಲ್ಲ.

ನನಗೆ ಚಿಕ್ಕೋಡಿಗೆ ಫೋನು ಬಂತು. "ಅಳಿಯಾ, ನನ್ನ ಮನ್ಯಾಗ ಕುಂತು, ನನ್ನ ಕರೆಂಟ್ ತಿಂದು, ನನ್ನ ಕೇಳಲಾರದ ಚಕ್ರಾ ತಿರಗಸ್ತೈತಿ! ಇದ ಯಾರ ಕಂಪ್ಯೂಟರ್ ಲೇ?"

ಅದೇ ದಿನ ಪ್ರತಿಜ್ಞೆಯಾಯಿತು. ಈ ಸಿಸ್ಟಮ್ಮನ್ನು ಬುಡಸಮೇತ ಕಿತ್ತು ಲಿನಕ್ಸ್ ಹಾಕುವುದು. ಎಲ್ಲ ಹಾಡು ತುಂಬುವ ತನಕ ಚಹಾ ಮುಟ್ಟದಿರುವುದು. ನಮ್ಮ ಜೈನರಲ್ಲಿ ಚಾತುರ್ಮಾಸಕ್ಕೆ ಏನಾದರೊಂದನ್ನು ಬಿಡುವ ನಿಯಮ ಹಿಡಿಯುವುದುಂಟು. ಆದರೆ ಕಂಪ್ಯೂಟರಿಗಾಗಿ ಚಹಾ ಬಿಟ್ಟ ಶ್ರಾವಕರು ಇವರೊಬ್ಬರೇ ಇರಬೇಕು!

ನಾನು ಹೋದಾಗ ಅವರು ಮಾಮಿಗೆ ಪಾಠ ಹೇಳುತ್ತಿದ್ದರು. "ಲಿನಕ್ಸ್ ಅಂದ್ರ ಊರೂರಿನ ಮಂದಿ ಕೂಡಿ ಕಟ್ಟಿದ್ದು. ಪುಕ್ಕಟೆ. ಯಾರ ಬೇಕಾದ್ರೂ ಒಯ್ಬಹುದು, ಬಿಚ್ಚಿ ನೋಡಬಹುದು, ತಮಗ ಬೇಕಾದಂಗ ತಿದ್ದಬಹುದು."

"ಹಂಗಂದ್ರ ನಮ್ಮ ಹಾಡ ಇದ್ದಂಗ" ಎಂದರು ಮಾಮಿ. "ಯಾರ ಕಟ್ಯಾರೋ ಗೊತ್ತಿಲ್ಲ. ನಮ್ಮವ್ವ ಒಂದ ನುಡಿ ಹಚ್ಚಿದ್ಳು, ನಾ ಒಂದ ನುಡಿ ಹಚ್ಚೀನಿ."

ಮಾಮಾ ಹೆಂಡತಿಯ ಮುಖವನ್ನೇ ನೋಡಿದರು. ಈಗ ಹೊಗಳುತ್ತಾರೆ, ಈಗ ಹೊಗಳುತ್ತಾರೆ ಎಂದು ನಾನು ಉಸಿರು ಹಿಡಿದೆ.

"ಪೆನ್‌ಡ್ರೈವ್ ಎಲ್ಲಿಟ್ಟಿ?" ಎಂದರು.

ಲಿನಕ್ಸ್ ಇಳಿಯಿತು. ಆದರೆ ಅದಕ್ಕೆ ಮಾತುಮಾತಿಗೂ ಪಾಸ್‌ವರ್ಡ್ ಬೇಕು. ಹಾಡು ತುಂಬುವ ಸಾಮಾನು ಇಳಿಸಬೇಕೆ? ಪಾಸ್‌ವರ್ಡ್. ಸರಿಪಡಿಸಬೇಕೆ? ಪಾಸ್‌ವರ್ಡ್. ಮಾಮಾ ಅದನ್ನು ಒತ್ತುವಾಗ ನಮ್ಮನ್ನೆಲ್ಲ ಹೊರಗೆ ಕಳಿಸಿ, ಕೀಬೋರ್ಡಿನ ಮೇಲೆ ಟವೆಲ್ ಹೊದಿಸಿ, ಟವೆಲ್ಲಿನೊಳಗೆ ಕೈ ತೂರಿಸಿ ಒತ್ತುತ್ತಿದ್ದರು. ನಮ್ಮ ಸಂತೆಯ ದಲಾಲರು ಎತ್ತಿನ ವ್ಯಾಪಾರಕ್ಕೆ ಹೀಗೆ ಟವೆಲ್ಲಿನೊಳಗೆ ಬೆರಳು ಹಿಡಿಯುವುದನ್ನು ನೋಡಿದ್ದೆ. ಕಂಪ್ಯೂಟರಿನ ಜೊತೆ ಹಾಗೆ ವ್ಯಾಪಾರ ಮಾಡಿದವರನ್ನು ನೋಡಿರಲಿಲ್ಲ.

"ಯಾರ ಹೆಸರ ಇಟ್ಟಾರೋ ಏನೋ" ಎಂದರು ಮಾಮಿ, ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತ. "ಕ್ಯಾಸೆಟ್ ಅಂಗಡಿ ಕಾಲದ ಯಾವಾಕಿದರ ಇರಬೇಕು. ಅದಕ್ಕ ಇಷ್ಟು ಮುಚ್ಚುಮರಿ!"

ಒಳಗಿನಿಂದ ಕೆಮ್ಮು ಬಂತು.

ಸ್ವಲ್ಪ ಹೊತ್ತಿಗೆ ಮಾಮಾನೇ ಹೊರಬಂದರು. "ಕೀಬೋರ್ಡ್ ಸತ್ತೈತಿ. ಎಷ್ಟ ಒತ್ತಿದ್ರೂ ಒಂದ ಅಕ್ಷರ ಮೂಡವಲ್ದು." ಚಿಕ್ಕೋಡಿಯಿಂದ ಹೊಸ ಕೀಬೋರ್ಡ್ ಬಂತು. ಅದೂ ಸತ್ತಿತು! ಇನ್ನೊಂದು ತರಿಸುವ ಮೊದಲು ನಾನು ಅಲ್ಲಿ ಇಲ್ಲಿ ಓದಿ ತಿಳಿದುಕೊಂಡದ್ದು ಇಷ್ಟು: ಲಿನಕ್ಸಿಗೆ ಅಪ್ಪಣೆ ಬರೆಯುವ ಕಪ್ಪು ಪರದೆಯ ಮೇಲೆ ಪಾಸ್‌ವರ್ಡ್ ಒತ್ತಿದರೆ ಏನೂ ಕಾಣುವುದಿಲ್ಲ, ಒಂದು ಚುಕ್ಕೆ ಕೂಡ. ಆದರೂ ಅದಕ್ಕೆ ಮುಟ್ಟುತ್ತದೆ.

ಮಾಮಾನಿಗೆ ಭಾರಿ ಸಂತೋಷವಾಯಿತು. "ಮರ್ಯಾದಿ ಇರೋ ಸಿಸ್ಟಮ್ ನೋಡು! ಎಲ್ಲಾ ಕೇಳಿಸಿಕೊಂತೈತಿ, ಹೊರಗ ಒಂದೀಟೂ ತೋರಸೂದಿಲ್ಲ."

"ನಿಮ್ಮ ವಾರಿಗಿದ, ನಿಮ್ಮಂಥಾದ್ದ ಸಿಕ್ಕಿತಲ್ರಿ!" ಎಂದರು ಮಾಮಿ ಅಕ್ಕಿಯಿಂದ ಕಣ್ಣೆತ್ತದೆ.

ಸಿಸ್ಟಮ್ ಬಂತು, ಸದ್ದು ಬರಲಿಲ್ಲ. ಮೈಕು ಕಂಪ್ಯೂಟರಿಗೆ ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಮಾಮಾ ಇಂಟರ್‌ನೆಟ್ಟಿನ ಚರ್ಚಾಕಟ್ಟೆಯೊಂದರಲ್ಲಿ ತಮ್ಮ ದುಃಖ ತೋಡಿಕೊಂಡರು. ಬ್ರೆಜಿಲ್ ದೇಶದ ಪುಣ್ಯಾತ್ಮನೊಬ್ಬ ಉತ್ತರ ಕೊಟ್ಟ. ಅವನು ಹೇಳಿದ ಹಾಗೆ ಒಂದು ಸಾಲು ಬರೆದರೆ ಮೈಕು ಮಾತಾಡಿತು! ಅಂದಿನಿಂದ ಆತ ಮಾಮಾನಿಗೆ ಖಾಸಾ ತಮ್ಮ. ಅವನ ಊರಲ್ಲೂ ಕಬ್ಬು ಬೆಳೆಯುತ್ತಾರೆಂದು ತಿಳಿದದ್ದೇ ತಡ, ಅದೇ ಕಟ್ಟೆಯ ಮೇಲೆ ಅಲ್ಲಿ ಟನ್ನಿಗೆ ಎಷ್ಟು ರೇಟು, ಕಟಾವಿಗೆ ಗ್ಯಾಂಗು ಸಿಗುತ್ತದೆಯೇ ಎಂದು ವಿಚಾರಿಸಿದರು. ಕಟ್ಟೆ ಕಾಯುವವರು ಆ ಪ್ರಶ್ನೆ ಅಳಿಸಿ, ವಿಷಯಕ್ಕೆ ಸಂಬಂಧವಿಲ್ಲ ಎಂದು ಎಚ್ಚರಿಕೆ ಕೊಟ್ಟರು.

"ಕಬ್ಬಿಗೆ ಸಂಬಂಧ ಇಲ್ದ ವಿಷಯ ಎಲ್ಲೈತಿ ಲೇ!" ಎಂದು ಮಾಮಾ ಎರಡು ದಿನ ಸಿಡಿಮಿಡಿಗೊಂಡರು. ಚಹಾ ಇಲ್ಲದ ಮನುಷ್ಯ, ಪಾಪ.

ಇನ್ನು ಕೋಣೆ. ಗೋಡೆಗೆ ಬಡಿದು ದನಿ ವಾಪಸು ಬರಬಾರದೆಂದು ಮನೆಯ ಕೌದಿಗಳನ್ನೆಲ್ಲ ಗೋಡೆಗೆ ಮೊಳೆ ಹೊಡೆದು ನೇತುಹಾಕಿದರು. ಪುಷ್ಯದ ಚಳಿ. ಮನೆಮಂದಿ ಧೋತರ ಹೊದ್ದು ನಡುಗುತ್ತಿದ್ದರೆ ಗೋಡೆಗಳು ಬೆಚ್ಚಗಿದ್ದವು! ಮಾಮಿಯ ಚಹಾ ಸೋಸುವ ಅರಿವೆ ಮೈಕಿನ ಮೂತಿಗೆ ಹೋಯಿತು. "ಹೆಂಗೂ ನಾ ಚಹಾ ಬಿಟ್ಟೀನಲ್ಲ" ಎಂದರು ಮಾಮಾ. ಉಳಿದವರು ಬಿಟ್ಟಿರಲಿಲ್ಲ ಎಂಬುದು ಅವರ ಗಮನಕ್ಕೇ ಬರಲಿಲ್ಲ.

ಕೌದಿಗೂ ಬಗ್ಗದ ವೈರಿಯೊಂದಿತ್ತು. ಕಬ್ಬಿನ ಹಂಗಾಮು. ಫ್ಯಾಕ್ಟರಿಗೆ ಹೋಗುವ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆದುಕೊಂಡು, ಎದೆ ನಡುಗುವ ಹಾಗೆ ಹಾಡು ಹಚ್ಚಿಕೊಂಡು ಮನೆಯ ಮುಂದೆಯೇ ಹೋಗುತ್ತವೆ. ಮಾಮಾ ರಸ್ತೆಯ ಮೇಲೆ ನಿಂತು ಕೈ ಅಡ್ಡ ಹಿಡಿದರು.

"ತಮ್ಮಾ, ಈ ನಾಲ್ಕ ಮನಿ ದಾಟೂತನಕ ಹಾಡ ಬಂದ್ ಮಾಡೋ."

"ಯಾಕ್ರಿ ಕಾಕಾ, ಯಾರರ ತೀರಕೊಂಡಾರೇನ್ರಿ?"

"ಇಲ್ಲಪಾ. ಒಳಗ ಹಾಡಾಕತ್ತಾರ!"

ಹುಡುಗರು ಒಬ್ಬರಿಗೊಬ್ಬರು ಹೇಳಿಕೊಂಡರು. ಬರಬರುತ್ತ ನಮ್ಮ ಮಾಮಾನ ಮನೆಯ ಮುಂದೆ ಟ್ರ್ಯಾಕ್ಟರುಗಳು ಬಾಯಿ ಮುಚ್ಚಿಕೊಂಡು ಹೋಗತೊಡಗಿದವು. ಮನೆ ದಾಟಿದ್ದೇ, ಕಟ್ಟಿಟ್ಟ ಹಾಡೆಲ್ಲ ಒಮ್ಮೆಗೇ ಸ್ಫೋಟ!

ಕಿವಿಗೆ ಹೆಡ್‌ಫೋನ್ ಹಾಕಿ ಹಾಡಿಸಿದ ದಿನದ ಕಥೆ ಬೇರೆ. ಕಂಪ್ಯೂಟರಿನೊಳಗೆ ಹೋದ ದನಿ ಕಿವಿಗೆ ಬರುವಾಗ ಒಂದು ಚಣ ತಡವಾಗುತ್ತಿತ್ತು. ಮಾಮಿ ಹಾಡಿದರು, ನಿಂತರು, ಹಿಂತಿರುಗಿ ನೋಡಿದರು.

"ನನ್ನ ಹಿಂದ ಯಾರೋ ಒಬ್ಬಾಕಿ ಹಾಡಾಕತ್ತಾಳ್ರಿ."

"ಅದು ನಿಂದ ದನಿ."

"ಹೌದೇನ? ಪಾಪ, ಹಿಂದ ಉಳದಾಳ. ತಡೀರಿ, ಬರಲಿ" ಎಂದು ತಮ್ಮ ದನಿಗಾಗಿ ತಾವೇ ಕಾದು, ಅದು ಬಂದ ಮೇಲೆ ಮುಂದಿನ ನುಡಿ ಹಾಡಿದರು. ಬೀಗರನ್ನು ಬಯ್ಯುವ ಪದ ಬೀಗರನ್ನು ಬೀಳ್ಕೊಡುವ ಪದದಷ್ಟು ನಿಧಾನವಾಯಿತು! ಮಾಮಾ ನಗಲಿಲ್ಲ. ಸಂಕ್ರಾಂತಿ ಹತ್ತಿರ ಬರುತ್ತಿತ್ತು. ಊಟ ಹೊತ್ತು ಮುಳುಗುವ ಮೊದಲು, ಉಳಿದ ಹೊತ್ತೆಲ್ಲ ಕೌದಿಯ ಕೋಣೆಯಲ್ಲಿ. ಬ್ರೆಜಿಲ್ಲಿನ ತಮ್ಮ ಹೇಳಿದ ಹಾಗೆ ತಿದ್ದಿದರು, ಕೆಡಿಸಿದರು, ಮತ್ತೆ ತಿದ್ದಿದರು. "ಮಾಮಾ, ಹೆಡ್‌ಫೋನ್ ತಗದ ಹಾಡಿಸಿದ್ರ ಆತಲ್ರಿ" ಎಂದರೆ, "ಆಕಿ ದನಿ ಆಕೀಗೆ ಕೇಳಸಬೇಕಲೇ, ಇದ್ದಾಗ" ಎಂದರು. ಅದೊಂದೇ ಮಾತು. ನಾನು ಹೆಡ್‌ಫೋನಿನ ವೈರು ಬಿಡಿಸಿಕೊಡುತ್ತ ಕೂತೆ.

ಒಂದು ಮಧ್ಯಾಹ್ನ ಆ ತಡ ಹೋಯಿತು. ಹಿಂದೆ ಉಳಿದಾಕೆ ಬಂದು ಮಾಮಿಯನ್ನು ಕೂಡಿಕೊಂಡಳು. ಅಲ್ಲಿಂದ ಎಳ್ಳುಬೆಲ್ಲ ಹಂಚುವ ದಿನದ ತನಕ ಹಾಡಿದ್ದೇ ಹಾಡಿದ್ದು. ಬೀಸುಕಲ್ಲಿನ ಪದ ಈ ಸಲ ಬೇವಿನಮರ ದಾಟಿ ಅವ್ವನ ಅಡಿಗೆಮನೆಯ ತನಕ ಹೋಗಿ ಮುಟ್ಟಿತು. ಕಡೆಯ ಹಾಡು ಮುಗಿದಾಗ ಮಾಮಾ ಗುಂಡಿ ಒತ್ತಿ, ಎದ್ದು ನಿಂತು, ಏನೋ ಹೇಳಲು ಬಾಯಿ ತೆರೆದರು. ಮಾಮಿ ಕಾದರು.

"ಏ, ಕೇಳ್ತೇನ? ಚಹಾ ಮಾಡು" ಎಂದರು.

ಮಿರಜಿನಲ್ಲಿ ಆಪರೇಷನ್ ಆಯಿತು. ಚೆನ್ನಾಗಿಯೇ ಆಯಿತು ಎಂದರು ಡಾಕ್ಟರು. ಸದ್ಯಕ್ಕೆ ಮಾತಾಡಬಾರದು, ದನಿಯ ಮಾತು ಆಮೇಲೆ ನೋಡೋಣ ಎಂದರು. ಮರುದಿನ ಮುಂಜಾನೆ ಮಾಮಾನ ಫೋನು. "ಅಳಿಯಾ, ಆಕಿ ಗ್ವಾಡಿ ಕಡೆ ಮುಖಾ ಮಾಡಿ ಮಲಗ್ಯಾಳ. ದನಿ ಹೋತು ಅಂತ ತಿಳದಾಳ. ನೀ ನಮ್ಮ ಮನೀಗೆ ಹೋಗಿ ಹಾಡೆಲ್ಲಾ ಪೆನ್‌ಡ್ರೈವಿಗೆ ಹಾಕ್ಕೊಂಡ ಬಾ. ಕೇಳಸಬೇಕು."

ಹೋದೆ. ಕೌದಿಗಳು ಗೋಡೆಯ ಮೇಲೇ ಇದ್ದವು. ಕೀಬೋರ್ಡಿನ ಮೇಲೆ ಮಾಮಾನ ಚಸ್ಮಾ ಇತ್ತು, ಗಡಿಬಿಡಿಯಲ್ಲಿ ಮರೆತು ಹೋಗಿದ್ದರು. ಕಂಪ್ಯೂಟರ್ ಹಚ್ಚಿದೆ. ಕೇಳಿತು, ಪಾಸ್‌ವರ್ಡ್!

"ಮಾಮಾ, ಪಾಸ್‌ವರ್ಡ್ ಹೇಳ್ರಿ."

ಆ ಕಡೆ ವಾರ್ಡಿನ ಗದ್ದಲದ ನಡುವೆ ಒಂದು ಕೆಮ್ಮು.

"ಮಾಮಾ?"

"ಇಂಗ್ಲಿಷಿನ್ಯಾಗ ಐತಿ. ಸಣ್ಣಕ್ಷರ."

"ಹೌದ್ರಿ, ಏನಂತ?"

"ಒಂದ ಹೆಸರ. ನೀನ ವಿಚಾರ ಮಾಡು. ತಿಳೀತೈತಿ."

"ಮೆಸೇಜ್ ಮಾಡ್ರಿ."

"ಚಸ್ಮಾ ಇಲ್ಲ."

"ಅಲ್ಲೇ ಯಾರ ಕಡಿಂದರ ಬರಸ್ರಿ."

"ಅವರಿಗೂ ಬಾಯಿಲೆ ಹೇಳಬೇಕಲೇ ಹುಚ್ಚಪ್ಪ!"

"ಹಂಗಾರ ಹೊರಗ ಹೋಗಿ ಹೇಳ್ರಿ."

"ಆಕಿ ಮುಖಾ ತಿರವಿದ್ರೂ ನನ್ನ ಅಂಗಿ ಹಿಡಕೊಂಡಾಳ. ಬಿಡವಲ್ಲಳು."

ಆಗ ನನಗೆ ಹೊಳೆಯಿತು. ಟವೆಲ್ಲು, ಕೆಮ್ಮು, ದಿನಕ್ಕೆ ಲೆಕ್ಕವಿಲ್ಲದಷ್ಟು ಸಲ ಯಾರಿಗೂ ಕಾಣದ ಹಾಗೆ ಒತ್ತಿದ ಆ ಅಕ್ಷರಗಳು. ಸುಮ್ಮನೆ ಒತ್ತಿ ನೋಡಿದೆ. ಬಾಗಿಲು ತೆರೆಯಿತು. ಪರದೆಯ ತುಂಬ ಮಾಮಿಯ ಹಾಡುಗಳು.

ಆದರೆ ತೆರೆದ ಸುದ್ದಿಯನ್ನು ಮುಚ್ಚಿಟ್ಟೆ. "ತಿಳೀವಲ್ದು ಮಾಮಾ. ನೀವ ಹೇಳಬೇಕು" ಎಂದೆ.

ಪಕ್ಕದ ಮಂಚದ ಹೆಂಗಸಿನ ದನಿ ಫೋನಿನಲ್ಲಿ ಕೇಳಿತು. "ಏನ್ರಿ ಕಾಕಾ, ಹೆಸರ ಹೇಳಾಕ ಇಷ್ಟ ನಾಚಿಕೀನ? ಒಡಪ ಹಾಕಿ ಹೇಳ್ರಿ, ನಾವೂ ಕೇಳ್ತೀವಿ!" ಯಾರೋ ನಕ್ಕರು. ಮಾಮಾ ಕೆಮ್ಮಿದರು. ಬೆವರಿದ್ದೂ ಖರೆ ಇರಬೇಕು. ಆಸ್ಪತ್ರೆಯ ಮಾಳಿಗೆಗೆ ಎಣಿಸಲು ತೊಲೆಗಳಿರಲಿಲ್ಲ, ನಾಳೆ ಹೇಳ್ತಾನ ಎಂದು ಬಿಡಿಸಲು ನಮ್ಮ ಅವ್ವನೂ ಇರಲಿಲ್ಲ. ಆಮೇಲೆ ಆ ಕ್ಯಾಸೆಟ್ ಅಂಗಡಿಯ ದನಿ, ವಾರ್ಡಿಗೆಲ್ಲ ಕೇಳುವ ಹಾಗೆ:

"ಏಕಸಂಬಿ ಕಬ್ಬಿನ ಸಕ್ಕರಿ, ನಿಪ್ಪಾಣಿ ತಂಬಾಕ,
ಕಸ್ತೂರಿ ಹೆಸರ ಹೇಳತೇನಿ, ಕಂಪ್ಯೂಟರ್ ತಗಿಯಾಕ!"

ಹೆಂಗಸರು ಹೋ ಎಂದು ಚಪ್ಪಾಳೆ ತಟ್ಟಿದರು. ಆ ಗದ್ದಲದ ನಡುವೆ ಒಡಕು ಬಿದ್ದ, ಗೊರಗೊರ ಎನ್ನುವ ಒಂದು ನಗು ಕೇಳಿಸಿತು. "ಮಾವಶೀ, ಹಸೂ ನಕಾ!" ಎಂದು ನರ್ಸಬಾಯಿ ಮರಾಠಿಯಲ್ಲಿ ಗದರಿಸಿದಳು, ನಗಬೇಡಿ ಎಂದು. ನಗು ನಿಲ್ಲಲಿಲ್ಲ.

"ಕಂಪ್ಯೂಟರ್ ತಗೀತೇನಲೇ?" ಎಂದರು ಮಾಮಾ.

"ಇಲ್ರಿ ಮಾಮಾ" ಎಂದೆ, ತೆರೆದ ಪರದೆಯ ಮುಂದೆ ಕಣ್ಣು ಒರೆಸಿಕೊಳ್ಳುತ್ತ. "ಸರಿಯಾಗಿ ಕೇಳಲಿಲ್ಲ. ಇನ್ನೊಮ್ಮೆ ಹೇಳ್ರಿ, ಸ್ವಲ್ಪ ಜೋರಾಗಿ."